ಹಸಿರು ಬಟನ್

ಶನಿವಾರ ಬೆಳಿಗ್ಗೆ ಆರೂವರೆಗೆ ಚೂಡಾಮಣಿ ಮೇಡಂ ಚಾಮರಾಜಪೇಟೆಯ ಫುಟ್‌ಬಾಲ್ ಮೈದಾನದ ಗೇಟು ದಾಟುವಷ್ಟರಲ್ಲಿ ಕೋಚ್ ಮುನಿರಾಮಪ್ಪ ಸಿಡಿಮಿಡಿ ಶುರು ಮಾಡಿಯಾಗಿತ್ತು. ಮಕ್ಕಳು ಮೈದಾನಕ್ಕೆ ಎರಡು ಸುತ್ತು ಓಡುತ್ತಿದ್ದರು. ಆಚೆ ಗೋಲಿನಲ್ಲಿ ಹನ್ನೆರಡು ವರ್ಷದ ಪೂಜಿತಾ ಒಬ್ಬಳೇ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದಳು. ಗೇಟಿನ ಪಕ್ಕದ ಹೊಂಗೆ ಮರಕ್ಕೆ ತೂಗುಹಾಕಿದ್ದ ಹಳೆಯ ಕಪ್ಪು ಹಲಗೆ ಮೂರು ತಿಂಗಳಿಂದ ಖಾಲಿ.

"ಪಟ್ಟಿ ಬಂತಾ ಮೇಡಮ್ನೋರೇ? ನಾಳೆ ಈ ಸೀಸನ್ನಿನ ಮೊದಲನೇ ಮ್ಯಾಚು. ಇನ್ನೂ ನನ್ನ ಟೀಮ್ ಯಾವ್ದು ಅಂತ ನಂಗೇ ಗೊತ್ತಿಲ್ಲ" ಎಂದರು ಮುನಿರಾಮಪ್ಪ.

"ಏಳು ಗಂಟೆಗೆ ಎಲ್ಲರ ಫೋನಿಗೂ ಬರತ್ತೆ. ಆ್ಯಪ್ ತೆಗೆದು ನೋಡೋ ಅಭ್ಯಾಸ ಮಾಡ್ಕೊಂಡಿದ್ರೆ ನೀವು ನನ್ನ ಕೇಳ್ಬೇಕಾಗಿರಲಿಲ್ಲ."

"ನಂದು ಒತ್ತೋ ಫೋನು. ಅದ್ರಲ್ಲಿ ಅವೆಲ್ಲ ಬರಲ್ಲ."

"ಬರೋ ಫೋನು ತಗೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ?"

ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಚೂಡಾಮಣಿ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟವರು, ಕ್ಲಬ್ಬಿನ ಕಾರ್ಯದರ್ಶಿ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ನಂಬದ ಜೀವ. ಮುನಿರಾಮಪ್ಪನದು ಬೇರೆ ದಾರಿ. ಪ್ರತಿ ಶನಿವಾರ ಸೀಮೆಸುಣ್ಣದಲ್ಲಿ ಹನ್ನೊಂದು ಹೆಸರು ಹಲಗೆಯ ಮೇಲೆ ಬರೆಯುತ್ತಿದ್ದರು, ಸೋಮವಾರ ಒರೆಸುತ್ತಿದ್ದರು. ಯಾಕೆ ಇವನು, ಯಾಕೆ ಅವನಲ್ಲ ಎಂದು ಕೇಳಿದವರಿಗೆ, "ಕೋಚ್ ಯಾರು? ನಾನಾ ನೀವಾ?" ಎಂಬ ಒಂದೇ ಉತ್ತರ. ಹೋದ ವರ್ಷ ಅಧ್ಯಕ್ಷ ಕಶ್ಯಪ್ ಅವರ ಮಗ ಆತ್ರೇಯ ಹತ್ತು ನಿಮಿಷ ತಡವಾಗಿ ಬಂದನೆಂದು ಫೈನಲ್ಲಿನ ದಿನ ಅವನ ಹೆಸರನ್ನು ಎಲ್ಲರೆದುರೇ ಅಂಗೈಯಲ್ಲಿ ಉಜ್ಜಿಬಿಟ್ಟಿದ್ದರು. ಮಗು ಅಲ್ಲೇ ಅತ್ತಿತ್ತು. ಇನ್ನು ಈ ದರ್ಬಾರು ಸಾಕು ಎಂದು ಚೂಡಾಮಣಿ ಅವತ್ತೇ ತೀರ್ಮಾನಿಸಿದರು. ಅದರಲ್ಲಿ ತಪ್ಪೇನಿತ್ತು ಹೇಳಿ?

ಬೇಸಿಗೆಯಲ್ಲಿ ಕಮಿಟಿ ಕೂತು ಎರಡು ಆ್ಯಪ್ ನೋಡಿತು. ಒಂದು ಕನ್ನಡದಲ್ಲಿತ್ತು, ಅದರಲ್ಲಿ ಒಂದೇ ಫೋನಿಗೆ ಎಷ್ಟು ಮಕ್ಕಳನ್ನಾದರೂ ಸೇರಿಸಬಹುದಿತ್ತು. ಆದರೆ ನೋಡಲು ರೇಷನ್ ಕಾರ್ಡಿನ ಅರ್ಜಿಯ ಹಾಗೆ ಬೋಳುಬೋಳು. ಇನ್ನೊಂದು ಇಂಗ್ಲಿಷಿನದು. ಪ್ರತಿ ಮಗುವಿಗೂ ಬಣ್ಣದ ಗೆರೆ, ಹಾಜರಿ ಶೇಕಡಾ ಎಷ್ಟೆಂಬ ಲೆಕ್ಕ. ದಿನಾ ಬೆಳಿಗ್ಗೆ ಅದು ಹೆತ್ತವರನ್ನು, ಮಗು ಇವತ್ತು ಬರುತ್ತದೆಯೇ ಎಂದು ಕೇಳುತ್ತದೆ. ಹಸಿರು ಬಟನ್ ಒತ್ತಿದರೆ ಹಾಜರಿ. ಹಾಜರಿ ಹೆಚ್ಚಿರುವ ಹದಿನಾರು ಮಕ್ಕಳ ಹೆಸರನ್ನು ಪಂದ್ಯದ ಹಿಂದಿನ ದಿನ ತಾನೇ ಆರಿಸಿ ಲೀಗಿಗೆ ಕಳಿಸುತ್ತದೆ. ಕೋಚ್ ಆ ಹದಿನಾರರಲ್ಲಿ ಹನ್ನೊಂದು ಜನರನ್ನು ಆಡಿಸಬೇಕು, ಅಷ್ಟೆ. ಚೂಡಾಮಣಿಗೆ ನೋಡಿದ ಕೂಡಲೇ ಹಿಡಿಸಿತು. ಅವತ್ತು ಮುನಿರಾಮಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಒಂದೇ ಫೋನಿರೋ ಮನೇಲಿ ಎರಡು ಮಕ್ಕಳಿದ್ರೆ?"

"ಅಂಥ ಮನೆ ಈಗ ಎಲ್ಲಿದೆ ಮುನಿರಾಮಪ್ಪನೋರೇ!" ಎಂದು ಚೂಡಾಮಣಿ ನಕ್ಕಿದ್ದರು. ಕಮಿಟಿಯೂ ನಕ್ಕಿತು.

ಸರಿಯಾಗಿ ಏಳಕ್ಕೆ ಮೈದಾನದ ಅಂಚಿನಲ್ಲಿ ನಿಂತಿದ್ದವರ ಫೋನುಗಳೆಲ್ಲ ಟಿಣ್ ಎಂದವು. ಕಶ್ಯಪ್ ಪಟ್ಟಿಯ ಮೇಲೆ ಕಣ್ಣಾಡಿಸಿ, ಕಟ್ಟೆಯ ಮೇಲೆ ಕೂತಿದ್ದ ಪೂಜಿತಾಳ ತಾಯಿಯ ಕಡೆ ತಿರುಗಿ, "ಕಂಗ್ರಾಟ್ಸ್ ಮುನಿಯಮ್ಮ, ನಿಮ್ಮ ಮಗ ಶಶಿಕುಮಾರ್ ಹೆಸರು ಬಂದಿದೆ" ಎಂದರು.

ಮುನಿಯಮ್ಮ ತರಗುಪೇಟೆಯ ಮಂಡಿಯೊಂದರಲ್ಲಿ ಬೇಳೆ ಹಸನು ಮಾಡುವವಳು. ಎಂಟಕ್ಕೆ ಕೆಲಸಕ್ಕೆ ಹೋಗುವ ಮುಂಚೆ ಮಗಳನ್ನು ಕರೆತಂದು, ಅರ್ಧ ಗಂಟೆ ಅಲ್ಲೇ ಕೂರುತ್ತಿದ್ದಳು. ಅವಳಿಗೆ ನಗು ಬಂತು.

"ಶಶೀನಾ? ಅವ್ನಿನ್ನೂ ಮಲಗವ್ನೆ ಸಾರ್. ಎರಡು ದಿನ ಬಂದ, ಆಮೇಲೆ ಕ್ರಿಕೆಟ್ಟು ಅಂತ ಓಡೋದ. ಪೂಜಿ ಹೆಸ್ರು ನೋಡಿ."

ಕಶ್ಯಪ್ ಮೇಲಿಂದ ಕೆಳಕ್ಕೆ ಬೆರಳಾಡಿಸಿದರು. ಕೆಳಗಿಂದ ಮೇಲಕ್ಕೂ ಆಡಿಸಿದರು. "ಪೂಜಿತಾ ಇಲ್ಲ. ಗೋಲಿಗೆ ನಮ್ಮ ಆತ್ರೇಯ ಇದಾನೆ."

ನಾಳಿನ ಪಂದ್ಯ ಬರೀ ಪಂದ್ಯವಾಗಿರಲಿಲ್ಲ. ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವವರು ನೋಡಲು ಬರುವವರಿದ್ದರು. ಊಟ, ವಸತಿ, ಓದು, ತರಬೇತಿ ಎಲ್ಲ ಅಲ್ಲೇ. ಹದಿಮೂರು ತುಂಬಿದರೆ ಆ ಬಾಗಿಲು ಮುಚ್ಚುತ್ತದೆ, ಪೂಜಿತಾಗೆ ಮುಂದಿನ ತಿಂಗಳು ಹದಿಮೂರು. ಗೋಲಿನಲ್ಲಿ ಅವಳಂಥವಳು ಆ ಲೀಗಿನಲ್ಲೇ ಇಲ್ಲ ಎಂಬುದು ಎದುರಾಳಿಗಳೂ ಒಪ್ಪುವ ಮಾತು.

ಚೂಡಾಮಣಿ ತಮ್ಮ ಫೋನು ತೆಗೆದರು. ಶಶಿಕುಮಾರ್, ಹಾಜರಿ ಶೇಕಡಾ ನೂರು. ಪೂಜಿತಾ ಎಂಬ ಹೆಸರು ಹುಡುಕಿದರೆ ಅಂಥ ಆಟಗಾರರು ಯಾರೂ ಇಲ್ಲ ಎಂದಿತು. ಮುನಿಯಮ್ಮನ ಮಕ್ಕಳ ಫಾರಮ್ಮು ತುಂಬಿದ ದಿನ ಅವರಿಗೆ ನೆನಪಾಯಿತು.

"ಏನಮ್ಮ ಇದು? ದಿನಾ ಐದೂವರೆಗೆ ಎದ್ದು, ಕೈ ಒರೆಸ್ಕೊಂಡು, ಹಸಿರು ಬಟನ್ ಒತ್ತಿದೀನಿ ನಾನು! ಒಂದಿನ ತಪ್ಪಿಸಿಲ್ಲ. ಜ್ವರ ಬಂದಾಗ್ಲೂ ಒತ್ತಿದೀನಿ. ಅದ್ರಲ್ಲಿರೋ ಇಂಗ್ಲಿಷು ನಂಗೆ ಓದೋಕೆ ಬರಲ್ಲ. ಯಾರಿಗೆ ಹೋಯ್ತು ಅದೆಲ್ಲ?" ಮುನಿಯಮ್ಮ ಎದುರಿಗೇ ಬಂದು ನಿಂತಳು.

"ನೋಡಮ್ಮ, ನೀನು ಇಬ್ಬರಿಗೂ ಒಂದೇ ನಂಬರ್ ಕೊಟ್ಟಿದೀಯ. ಅದಕ್ಕೇ ಹೀಗಾಗಿದೆ."

"ಇರೋದೇ ಒಂದು ಫೋನು! ಎರಡನೇದು ಎಲ್ಲಿಂದ ತರ್ಲಿ?"

"ಅದು ನನ್ನ ತಪ್ಪಲ್ಲ."

ಅಷ್ಟರಲ್ಲಿ ಮುನಿರಾಮಪ್ಪ ಬಂದರು. ವಿಷಯ ಕೇಳಿ ಅವರ ಮುಖ ಕೆಂಪಡರಿತು. "ಅವತ್ತೇ ಬಡ್ಕೊಂಡೆ! ಕಿಸಿಕಿಸಿ ನಕ್ರಲ್ಲ, ಈಗ ನಗ್ರಿ!"

"ಮೂರು ತಿಂಗಳು ಒಂದು ದಿನಾನೂ ಪಟ್ಟಿ ನೋಡದೋರು ನೀವು! ನೋಡಿದ್ರೆ ಅವಳ ಹೆಸರಿಲ್ಲ ಅಂತ ಮೊದಲನೇ ದಿನಾನೇ ಗೊತ್ತಾಗ್ತಿತ್ತು" ಎಂದು ಚೂಡಾಮಣಿಯೂ ಏರಿದರು. ಆ ಮಾತು ನಿಜವಾಗಿದ್ದರಿಂದ ಮುನಿರಾಮಪ್ಪನಿಗೆ ಇನ್ನಷ್ಟು ಕೋಪ ಬಂತು. ಆಚೆ ಪೂಜಿತಾ ಚೆಂಡು ಹಿಡಿದುಕೊಂಡು ಇತ್ತಲೇ ನೋಡುತ್ತ ನಿಂತಿದ್ದಳು.

ಹತ್ತು ಗಂಟೆಗೆ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಕೂತರು. ಕೂತರು ಎನ್ನುವುದೂ ಮಾತಿಗೆ. ಮುನಿಯಮ್ಮ ಕೂರಲು ಒಪ್ಪಲಿಲ್ಲ. ಅರ್ಧ ದಿನದ ಕೆಲಸ ಬಿಟ್ಟು ಬಾಗಿಲಿಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಮಗಳು, ಕೈಯಲ್ಲಿ ಗ್ಲವ್ಸು ಹಾಗೇ ಇತ್ತು.

"ಆ ಶಶಿ ಹೆಸರು ತೆಗೆದು ಈ ಮಗು ಹೆಸರು ಹಾಕಿ. ಎರಡು ನಿಮಿಷದ ಕೆಲಸ" ಎಂದರು ಮುನಿರಾಮಪ್ಪ.

"ಆಗಲ್ಲ ಸಾರ್. ಲೀಗಿಗೆ ಒಂದ್ಸಲ ಹೋದ ಹೆಸರು ತೆಗೆಯೋಕಾಗಲ್ಲ. ಹೊಸದಾಗಿ ಸೇರಿಸೋದಾದ್ರೆ ಇನ್ನೆರಡು ಜಾಗ ಇದೆ, ಸಂಜೆ ಐದರವರೆಗೆ. ಆದ್ರೆ ಬೇರೆ ನಂಬರ್ ಬೇಕು. ಹೆತ್ತವರದ್ದಾಗಿರಬೇಕು, ಇಲ್ಲಾ ಕಮಿಟಿಯವರದ್ದು" ಎಂದರು ಕಶ್ಯಪ್.

"ಅವ್ರಪ್ಪಂದು ಸಣ್ಣ ಫೋನು. ಲಾರಿ ಮೇಲೆ ಹುಬ್ಬಳ್ಳಿ ಕಡೆ ಹೋಗವ್ರೆ."

"ಹೊಸ ಸಿಮ್ ತಗೊಂಡ್ರೂ ಇವತ್ತೇ ಚಾಲೂ ಆಗೋ ಗ್ಯಾರಂಟಿ ಇಲ್ಲ. ಕಮಿಟೀಲಿ ನಮ್ಮೆಲ್ಲರ ನಂಬರಿನಲ್ಲೂ ನಮ್ಮ ಮಕ್ಕಳಿದಾರೆ." ಕಶ್ಯಪ್ ಕೈ ಚೆಲ್ಲಿದರು. "ನೋಡೀಮ್ಮಾ, ಯಾರೂ ಬೇಕಂತ ಮಾಡಿದ್ದಲ್ಲ. ಸಾಫ್ಟ್‌ವೇರ್ ಪ್ರಾಬ್ಲಮ್ಮು. ಎರಡು ಹೆಸರು ಹಾಕಿದ್ದಾರೆ, ಒಂದು ಹಾರಿಹೋಗಿದೆ. ಅಲ್ವಾ ಮೇಡಂ? ಕಂಪನಿಗೆ ಒಂದು ಖಡಕ್ಕಾಗಿ ಬರೆಯೋಣ. ಮುಂದಿನ ಸೀಸನ್ನಿಗೆ ಸರಿಯಾಗತ್ತೆ."

ಎಲ್ಲರೂ ಚೂಡಾಮಣಿಯ ಕಡೆ ನೋಡಿದರು. ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅಲ್ಲಿ ಯಾರೂ ಇನ್ನೊಂದು ಮಾತು ಕೇಳುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಟೀಚರ್ ಮರ್ಯಾದೆ ಹಾಗೇ ಉಳಿಯುತ್ತಿತ್ತು.

ಆದರೆ ಅವರ ಕಣ್ಣಮುಂದೆ ಮೂರು ತಿಂಗಳ ಹಿಂದಿನ ತಮ್ಮ ಅಡುಗೆಮನೆಯ ಮೇಜು ಬಂತು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಕೈಯಲ್ಲಿ ಮುನಿಯಮ್ಮನ ಎರಡು ಫಾರಮ್ಮು. ಪೂಜಿತಾಳದ್ದೇ ಮೇಲಿತ್ತು. ಒಂದು ನಂಬರಿಗೆ ಒಬ್ಬರೇ ಆಟಗಾರರು ಎಂದಿತು ಆ್ಯಪ್. ಚೂಡಾಮಣಿ ಮೇಲಿನದನ್ನು ಪಕ್ಕಕ್ಕಿಟ್ಟು ಕೆಳಗಿನದನ್ನು ತೆಗೆದುಕೊಂಡಿದ್ದರು. ಹುಡುಗಿ, ದೊಡ್ಡವಳಾದಮೇಲೆ ಹೇಗೂ ಬಿಡಿಸುತ್ತಾರೆ, ಹುಡುಗನಾದರೆ ಮುಂದಕ್ಕೂ ಆಡುತ್ತಾನೆ. ಇಷ್ಟು ಯೋಚನೆಗೆ ಎರಡು ಸೆಕೆಂಡೂ ಹಿಡಿದಿರಲಿಲ್ಲ. ಆಮೇಲೆ ಎದ್ದು ಹುಳಿಗೆ ಒಗ್ಗರಣೆ ಹಾಕಿದ್ದರು.

"ಸಾಫ್ಟ್‌ವೇರ್ ತಪ್ಪಲ್ಲ ಕಶ್ಯಪ್" ಎಂದರು. "ಯಾವ ಹೆಸರೂ ಹಾರಿಹೋಗಿಲ್ಲ. ಅದು ಒಬ್ಬರನ್ನ ಹಾಕಿ ಅಂತು. ನಾನು ಹುಡುಗನ್ನ ಹಾಕಿದೆ."

"ಯಾಕೆ?" ಎಂದದ್ದು ಮುನಿಯಮ್ಮ.

"ಹುಡುಗಿ, ಹೇಗೂ ಬಿಟ್ಟುಬಿಡ್ತಾಳೆ ಅಂತ."

"ನಾನು ಬಿಡಿಸ್ತೀನಿ ಅಂತ ನಿಮಗೆ ಹೇಳಿದ್ನಾ?" ಮುನಿಯಮ್ಮನ ದನಿ ಏರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ನಮ್ಮತ್ತೆ ಬಿಡ್ಸು ಅಂದ್ರು, ಬಿಡಿಸ್ಲಿಲ್ಲ. ವಠಾರದೋರು ಆಡ್ಕೊಂಡ್ರು, ಬಿಡಿಸ್ಲಿಲ್ಲ. ಓದಿರೋರು ನೀವು, ಹೆಣ್ಣುಮಕ್ಕಳಿಗೆ ಪಾಠ ಹೇಳೋರು. ಮೂರು ತಿಂಗಳು ನನ್ನ ಕೈಯಲ್ಲೇ ನನ್ನ ಮಗಳ ಹಾಜರಿ ಅವ್ನಿಗೆ ಹಾಕ್ಸಿದ್ರಲ್ಲಮ್ಮ! ನಿಮಗೇನು ಬಂದಿತ್ತು?"

ಚೂಡಾಮಣಿ ತಲೆ ತಗ್ಗಿಸಿದರು. ಕ್ಷಮಿಸಿ ಎಂದರೇನೋ, ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು.

"ಮುನಿರಾಮಪ್ಪನೋರೇ, ನಿಮ್ಮ ನೋಟ್‌ಬುಕ್ ಇದೆಯಾ?"

ಮುನಿರಾಮಪ್ಪ ಹಿಂದಿನ ಜೇಬಿನಿಂದ, ಬೆವರಿಗೆ ಅಂಚು ಮೆತ್ತಗಾಗಿದ್ದ ನೋಟ್‌ಬುಕ್ ಎಳೆದು ಮೇಜಿನ ಮೇಲೆ ಬಿಸಾಕಿದರು. ಹಲಗೆ ಹೋದರೂ ಅವರು ಯಾರು ಬಂದರು, ಯಾರು ಬರಲಿಲ್ಲ ಎಂದು ದಿನವೂ ಬರೆಯುವುದನ್ನು ಬಿಟ್ಟಿರಲಿಲ್ಲ. ಇದು ಚೂಡಾಮಣಿಗೆ ಗೊತ್ತಿತ್ತು, ಎಷ್ಟೋ ಸಲ ಹಂಗಿಸಿಯೂ ಇದ್ದರು. ಈಗ ಆ ಕಾಗೆ ಕಾಲಿನ ಅಕ್ಷರಗಳನ್ನು ಬಿಡಿಸಿ ಓದುತ್ತ, ಪೂಜಿತಾಳ ಹೆಸರು, ಹುಟ್ಟಿದ ದಿನ, ಒಂದೊಂದೇ ದಿನದ ಹಾಜರಿ ತುಂಬತೊಡಗಿದರು. ತಡವಾದಾಗಲೆಲ್ಲ ಮುನಿರಾಮಪ್ಪ ತಾರೀಖು ಗದರಿ ಹೇಳುತ್ತಿದ್ದರು. ಎಂಬತ್ತೆಂಟು ದಿನ ತುಂಬಿಸುವ ಹೊತ್ತಿಗೆ ಒಂದೂವರೆಯಾಗಿತ್ತು. ಕೊನೆಗೆ ನಂಬರ್ ಕೇಳಿತು. ಚೂಡಾಮಣಿ ತಮ್ಮದೇ ನಂಬರ್ ಒತ್ತಿದರು.

ಕಶ್ಯಪ್ ಬಗ್ಗಿ ನೋಡಿ ಗಾಬರಿಯಾದರು. "ಮೇಡಂ, ತಡೀರಿ! ಅದ್ರಲ್ಲಿ ನೀವು ಕಾರ್ಯದರ್ಶಿ. ಒಂದು ನಂಬರಿಗೆ ಒಂದೇ ಹೆಸರು. ನಿಮ್ಮನ್ನ ತೆಗೀಲಾ ಅಂತ ಕೇಳ್ತಿದೆ ನೋಡಿ. ತೆಗೆದ್ರೆ ಎಲ್ಲ ಹೋಗತ್ತೆ. ಪಟ್ಟಿ ನೋಡೋಕೂ ಆಗಲ್ಲ ನಿಮಗೆ. ಒಂದು ಹುಡುಗಿಗೋಸ್ಕರ..."

"ಹೂಂ, ಒಂದು ಹುಡುಗಿಗೋಸ್ಕರ" ಎಂದು ಚೂಡಾಮಣಿ ಒತ್ತಿದರು. "ನನ್ನ ಜವಾಬ್ದಾರಿ ನೀವು ನೋಡ್ಕೊಳ್ಳಿ. ಸೀಸನ್ ಮುಗಿದ ಮೇಲೆ ಆ ಕನ್ನಡದ ಆ್ಯಪ್ ತಗೊಂಡ್ರೆ ಒಳ್ಳೇದು. ತಗೊಳ್ಳೋದು ಬಿಡೋದು ಇನ್ನು ನಿಮಗೆ ಬಿಟ್ಟಿದ್ದು."

ಕಶ್ಯಪ್ ಮುಖ ಗಂಟಿಕ್ಕಿದರು. ಮುನಿರಾಮಪ್ಪ ನೋಟ್‌ಬುಕ್ಕನ್ನು ಜೇಬಿಗೆ ತುರುಕಿಕೊಂಡು ಒಂದು ಒಳ್ಳೆ ಮಾತೂ ಆಡದೆ ಎದ್ದುಹೋದರು. ಮುನಿಯಮ್ಮ ಮಗಳ ಕೈ ಹಿಡಿದು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ಮೈದಾನದ ತುಂಬ ಜನ. ಹೊಂಗೆ ಮರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹದಿನೇಳು ಹೆಸರಿದ್ದವು. ಫೋನಿನಲ್ಲಿದ್ದ ಪಟ್ಟಿಯನ್ನೇ ಮುನಿರಾಮಪ್ಪ ಯಾರಿಂದಲೋ ಓದಿಸಿಕೊಂಡು ಬರೆದಿದ್ದರು. ಗೋಲ್‌ಕೀಪರ್ ಎಂಬುದರ ಮುಂದೆ ಪೂಜಿತಾ ಎಂದಿತ್ತು.

ಕಟ್ಟೆಯ ಒಂದು ತುದಿಯಲ್ಲಿ ಮುನಿಯಮ್ಮ ಕೂತಿದ್ದಳು. ಚೂಡಾಮಣಿ ಅವಳಿಂದ ಒಂದು ಮಾರು ದೂರದಲ್ಲಿ ಕೂತರು. ಮುನಿಯಮ್ಮ ಮುಖ ತಿರುಗಿಸಿದಳು. ಅಷ್ಟರಲ್ಲಿ ಚೂಡಾಮಣಿಯ ಫೋನು ಟಿಣ್ ಎಂದಿತು. ಕೆಂಪೊಂದು, ಹಸಿರೊಂದು ಬಟನ್ ಎದ್ದುನಿಂತವು. ಅವರು ಸರಿದು ಬಂದು ಫೋನನ್ನು ಮುನಿಯಮ್ಮನ ಮುಂದೆ ಹಿಡಿದರು.

"ನೀವು ಒತ್ತಿ ಮುನಿಯಮ್ಮನೋರೇ."

ಮುನಿಯಮ್ಮ ಕೈ ನೀಡಲಿಲ್ಲ. ಆಟಕ್ಕೆ ಸೀಟಿ ಊದುವ ಹೊತ್ತಾಗಿತ್ತು.

"ಯಾರ ಹೆಸ್ರಿದೆ, ಮೊದ್ಲು ಓದಿ ಹೇಳಿ" ಎಂದಳು.

"ಪೂಜಿತಾ."

"ಇನ್ನೊಂದ್ಸಲ ಓದಿ. ಬೆರಳಿಟ್ಟು ತೋರ್ಸಿ ಓದಿ."

ಚೂಡಾಮಣಿ ಇಂಗ್ಲಿಷಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಒಂದನೇ ತರಗತಿಯ ಮಗುವಿನಂತೆ ನಿಧಾನವಾಗಿ ಓದಿದರು. ಮುನಿಯಮ್ಮ ಆ ಅಕ್ಷರಗಳನ್ನೂ, ಆಚೆ ಗೋಲಿನಲ್ಲಿ ಗ್ಲವ್ಸು ಬಿಗಿದುಕೊಳ್ಳುತ್ತಿದ್ದ ಮಗಳನ್ನೂ ಒಂದು ಸಲ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಸಿರು ಬಟನ್ ಒತ್ತಿದಳು.