ಅಪ್ಪನ ದನಿಯ ಫೈಲುಗಳು

ಗೋಪಾಲಸ್ವಾಮಿಯವರ ನಾಲಿಗೆ ಮೊದಲ ಸಲ ತೊಡರಿದ್ದು ಹಳೇಬೀಡಿನ ದೇವಸ್ಥಾನದ ಜಗತಿಕಟ್ಟೆಯ ಮೇಲೆ, ಒಂದು ಗುಂಪು ಪ್ರವಾಸಿಗರ ಎದುರಿನಲ್ಲಿ. ಮಗಳು ಮೇಧಿನಿ ಹುಟ್ಟುವುದಕ್ಕೆ ಮುಂಚಿನಿಂದಲೂ ಅವರು ಅಲ್ಲಿ ಗೈಡು. ಗಜಾಸುರನ ಕಥೆಯನ್ನು ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದ್ದರೋ. ಅಂದು ಆ ಹೆಸರು ಬಂದ ಕಡೆ ನಾಲಿಗೆ ಹೊರಳದೆ ನಿಂತಿತು. ಬಿಸಿಲಿನ ಕಾಟ ಎಂದುಕೊಂಡು ನೀರು ಕುಡಿದು ಮುಂದುವರಿಸಿದರು. ಸ್ವಲ್ಪ ದಿನದಲ್ಲೇ ಅವರ ಮಾತು ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದ ಹಾಗೆ ಆಯಿತು. ಕುಡಿದು ಬಂದಿದ್ದಾರಾ ಎಂದು ಪ್ರವಾಸಿಯೊಬ್ಬ ಪಕ್ಕದವನ ಕಿವಿಯಲ್ಲಿ ಕೇಳಿದ್ದು ಅವರಿಗೂ ಕೇಳಿಸಿತು. ಆ ಮಧ್ಯಾಹ್ನ ಮನೆಗೆ ಬಂದು ಗೈಡಿನ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದವರು ಮತ್ತೆ ಹಾಕಿಕೊಳ್ಳಲಿಲ್ಲ.

ಬೆಂಗಳೂರಿನ ನರರೋಗದ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮುಗಿಸಿ, ಮೇಧಿನಿಯನ್ನು ಮಾತ್ರ ಒಳಗೆ ಕರೆದು ವಿಷಯ ತಿಳಿಸಿದರು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ, ಔಷಧಿಯಿಲ್ಲ. ಮೊದಲು ಮಾತು ಹೋಗುತ್ತದೆ, ಆಮೇಲೆ ನುಂಗುವ ಶಕ್ತಿ, ಆಮೇಲೆ ಕೈಕಾಲು. ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗೇ ಇರುತ್ತದೆ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: ಕೆಲವರು ದನಿ ಇರುವಾಗಲೇ ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ, ಮುಂದೆ ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರು ಅವರದೇ ದನಿಯಲ್ಲಿ ಆಡಿ ತೋರಿಸುತ್ತದೆ.

ಆ ಮಾತು ಹಿಡಿದುಕೊಳ್ಳಲು ಮೇಧಿನಿಗಿಂತ ತಕ್ಕವರು ಸಿಗುತ್ತಿರಲಿಲ್ಲ. ಅವಳು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಸ್ಟೇಷನ್ನಿನ ಹಿಂದೆ ಕ್ವಾರ್ಟರ್ಸ್. ಕಾಲೇಜಿನ ಕೆಲಸದ ಜೊತೆಗೆ ಅವಳು ಕೆಲವು ವರ್ಷಗಳಿಂದ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಳು. ಯಂತ್ರಗಳಿಗೆ ಮಾತು, ಚಿತ್ರ, ಬರಹ ಕಲಿಸಲು ಬಳಸುವ ಒಂದು ಸಾಫ್ಟ್‌ವೇರ್ ಲೈಬ್ರರಿ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದನ್ನು ನೋಡಿಕೊಳ್ಳುವವರು ಊರೂರಿನಲ್ಲಿ ಚದುರಿದ್ದ ನಾಲ್ಕಾರು ಜನ, ಎಲ್ಲರೂ ಸಂಬಳವಿಲ್ಲದವರು. ಅವರಲ್ಲಿ ಮೇಧಿನಿಯೂ ಒಬ್ಬಳು. ಅವಳ ಪಾಲಿಗೆ ಬಂದಿದ್ದು ಯಾರೂ ಆಸೆಪಟ್ಟು ಕೇಳದ ಕೆಲಸ. ಕಲಿಸುವುದಕ್ಕೆ ಬೇಕಾದ ಫೈಲುಗಳು ಎಲ್ಲಿರುತ್ತವೆ, ಅವನ್ನು ಓದುವುದು ಹೇಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಹೇಗೆ ಎನ್ನುವುದು.

ಅದರಲ್ಲೊಂದು ದೋಷವನ್ನು ಅವಳೇ ಪತ್ತೆಮಾಡಿದ್ದಳು. ಒಂದೇ ಡಿಸ್ಕಿನ ಒಳಗೆ ಫೈಲನ್ನು ಅಲ್ಲಿಂದ ಇಲ್ಲಿಗೆ ಎತ್ತಿಡುವುದು ಕಷ್ಟದ ಮಾತಲ್ಲ. ಹೆಸರು ಬದಲಾಯಿಸಿದರೆ ಮುಗಿಯಿತು. ಆದರೆ ದೂರದ ಸರ್ವರಿಗೆ ಎತ್ತಿಡುವುದು ಎಂದರೆ ಅಲ್ಲೊಂದು ನಕಲು ಮಾಡಿ, ಇಲ್ಲಿನ ಮೂಲವನ್ನು ಅಳಿಸಬೇಕು. ನಡುವೆ ನೆಟ್‌ವರ್ಕ್ ಕಡಿದರೆ ನಕಲು ಅರ್ಧಕ್ಕೇ ನಿಲ್ಲುತ್ತಿತ್ತು. ಲೈಬ್ರರಿ ಅದನ್ನು ಗಮನಿಸದೆ, ಕೆಲಸ ಮುಗಿಯಿತು ಎಂದು ತೋರಿಸಿ ಮೂಲವನ್ನು ಅಳಿಸಿಬಿಡುತ್ತಿತ್ತು. ಎರಡನ್ನೂ ಹೋಲಿಸಿ ನೋಡಿ, ಸರಿಯಿದ್ದರೆ ಮಾತ್ರ ಅಳಿಸುವ ಹಾಗೆ ಮೇಧಿನಿ ತಿದ್ದುಪಡಿ ಬರೆದು ಕಳಿಸಿದ್ದಳು. ಅದನ್ನು ಪರಿಶೀಲಿಸಬೇಕಾದವನು ಸಮ್ಯಕ್ ಎಂಬ ಹುಡುಗ. ಅವಳು ಅವನ ಮುಖ ನೋಡಿರಲಿಲ್ಲ. ಒಳ್ಳೆಯವನೇ, ಆದರೆ ಹಗಲು ಬೇರೆ ಕೆಲಸ, ಮನೆಯಲ್ಲಿ ಎಳೆಗೂಸು. ಒಂದೊಂದು ಕಂಪನಿಯ ಸರ್ವರ್ ಒಂದೊಂದು ಥರ ನಡೆದುಕೊಳ್ಳುತ್ತದೆ, ಇನ್ನಷ್ಟು ಪರೀಕ್ಷೆ ಬೇಕು ಎಂದು ಅವನು ಬರೆಯುತ್ತಿದ್ದ. ಅವಳು ಅದನ್ನೂ ಮಾಡಿ ಕಳಿಸುತ್ತಿದ್ದಳು. ಅದು ಅಲ್ಲೇ ಕೂತಿರುತ್ತಿತ್ತು.

ಅಪ್ಪನ ದನಿ ಹಿಡಿಯುವ ಜವಾಬ್ದಾರಿ ಹಳೇಬೀಡಿನ ಮನೆಯಲ್ಲೇ ಇದ್ದ ತಮ್ಮ ರಘುರಾಮನ ಮೇಲೆ ಬಿತ್ತು. ಅವನು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಲ್ಯಾಪ್‌ಟಾಪ್ ಹಳೆಯದು, ಜಾಗ ಕಡಿಮೆ. ಹಾಗಾಗಿ ಮೇಧಿನಿ ದಿನದ ರೆಕಾರ್ಡಿಂಗನ್ನು ಅಂದಂದೇ ಸರ್ವರಿಗೆ ಎತ್ತಿಟ್ಟು ಲ್ಯಾಪ್‌ಟಾಪಿನಿಂದ ತೆಗೆಯುವ ಏರ್ಪಾಡು ಮಾಡಿಕೊಟ್ಟಳು. ಒಂದು ಭಾನುವಾರ ಬಸ್ಸಿನಲ್ಲಿ ಹೋಗಿ, ಎಲ್ಲರೂ ಹಾಕಿಕೊಳ್ಳುವ ಹಾಗೆ ಲೈಬ್ರರಿಯನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ತಮ್ಮನಿಗೆ ಒಂದು ಗುಂಡಿ ತೋರಿಸಿ ಬಂದಳು. ಅವಳ ಸ್ವಂತ ಕಂಪ್ಯೂಟರಿನಲ್ಲಿ ಇದ್ದದ್ದು ಅವಳೇ ತಿದ್ದಿದ ಲೈಬ್ರರಿ. ಎಷ್ಟೋ ದಿನದಿಂದ ಅದೇ ಅಭ್ಯಾಸವಾಗಿ, ಹೊರಗಿನವರ ಕೈಗೆ ಸಿಗುವುದು ಇನ್ನೂ ತಿದ್ದದೇ ಇರುವ ಲೈಬ್ರರಿ ಎನ್ನುವುದು ಆ ಮಧ್ಯಾಹ್ನ ಅವಳಿಗೆ ಹೊಳೆಯಲೇ ಇಲ್ಲ.

ಆ ಮನೆಯಲ್ಲಿ ಬೆಳಗಿನ ಕಾಫಿಯಾದ ಮೇಲೆ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಅಪ್ಪ ನಡುಮನೆಯಲ್ಲಿ ಕೂತು ಓದುವುದು ಪದ್ಧತಿಯಾಯಿತು. ಅಮ್ಮ ಕನಕಲಕ್ಷ್ಮಿ ಅಷ್ಟು ಹೊತ್ತು ಕುಕ್ಕರ್ ಇಡುತ್ತಿರಲಿಲ್ಲ. ರಘು ವಾಕ್ಯಗಳನ್ನು ಬರೆದುಕೊಡುತ್ತಿದ್ದ: ಬಾಗಿಲು ಹಾಕು, ಬೆನ್ನು ನೋಯುತ್ತಿದೆ, ಇವತ್ತು ಸಾರು ಚೆನ್ನಾಗಿದೆ. ಅಪ್ಪ ಅಷ್ಟಕ್ಕೇ ನಿಲ್ಲಿಸದೆ, ಗೋಡೆಯ ಮೇಲಿನ ಶಿಲ್ಪಗಳನ್ನು ಒಂದು ತುದಿಯಿಂದ ಶುರುಮಾಡಿ ನೆನಪಿನಿಂದಲೇ ವಿವರಿಸುತ್ತಿದ್ದರು. ಒಮ್ಮೆ ರಘು ಮನೆಯವರ ಹೆಸರುಗಳನ್ನೂ ಸೇರಿಸಿ ಕೊಟ್ಟ. ಅಪ್ಪ ಮದುವೆಯಾದಾಗಿನಿಂದ ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. 'ಕೇಳಿಸ್ತಾ' ಎಂದರೆ ಅದು ಅಮ್ಮನನ್ನು ಕರೆದ ಹಾಗೆ. ಆ ದಿನ ಅವರು ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡು, "ಕನಕಲಕ್ಷ್ಮೀ, ಇಲ್ಲಿ ಬಾ" ಎಂದು ಓದಿದರು. ಅಡಿಗೆಮನೆಯಲ್ಲಿದ್ದ ಅಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಬಂದು ನಿಂತರು. ಅಪ್ಪನಿಗೆ ನಗು ಬಂದು, ರಘು ಆ ವಾಕ್ಯವನ್ನು ಮತ್ತೊಮ್ಮೆ ರೆಕಾರ್ಡ್ ಮಾಡಬೇಕಾಯಿತು. ಫೋನಿನಲ್ಲಿ ಇದನ್ನು ಕೇಳಿದ ಮೇಧಿನಿ ಅವತ್ತೆಲ್ಲ ಕ್ಲಾಸಿನಲ್ಲಿ ಹಗುರಾಗಿದ್ದಳು.

ಆ ಶುರುವಿನ ದಿನಗಳಲ್ಲಿ ಮನೆಗೆ ನೆಟ್ ಇರಲಿಲ್ಲ. ರಘು ತನ್ನ ಫೋನಿನಿಂದ ಕೊಡುತ್ತಿದ್ದ. ಅದು ಬರುತ್ತಿತ್ತು, ಹೋಗುತ್ತಿತ್ತು. ಅಪ್ಪನ ಮಾತು ಚೆನ್ನಾಗಿದ್ದದ್ದು ಆ ದಿನಗಳಲ್ಲೇ. ಮಳೆಗಾಲ ಕಳೆದ ಮೇಲೆ ಬೀದಿಗೆ ಫೈಬರ್ ಬಂತು, ಇವರೂ ಹಾಕಿಸಿಕೊಂಡರು. ಅಷ್ಟರಲ್ಲಿ ನಾಲಿಗೆ ದಪ್ಪಗಾಗಿ, ಸ್ವರಗಳು ಮಾತ್ರ ಮೂಗಿನಿಂದ ಹೊರಡುತ್ತಿದ್ದವು. ಆದರೂ ಅಪ್ಪ ಒಂದು ದಿನ ತಪ್ಪಿಸದೆ ಕೂತು ಓದಿದರು. ದೀಪಾವಳಿಯ ಹೊತ್ತಿಗೆ ಅದೂ ನಿಂತಿತು. ಸ್ಲೇಟಿನ ಮೇಲೆ ಬರೆದು ತೋರಿಸತೊಡಗಿದರು.

ಆಗ ಮೇಧಿನಿ ಫೈಲುಗಳನ್ನು ತೆರೆದಳು. ಹೆಸರುಗಳೆಲ್ಲ ಸಾಲಾಗಿ ಇದ್ದವು, ಒಂದೂ ತಪ್ಪಿರಲಿಲ್ಲ. ಮೊದಲನೆಯದರಲ್ಲಿ ಅಪ್ಪ ಉಸಿರೆಳೆದುಕೊಂಡ ಸದ್ದಿತ್ತು, ಮುಂದೆ ಏನೂ ಇರಲಿಲ್ಲ. ಎರಡನೆಯದು ಖಾಲಿ. ಮೂರನೆಯದರಲ್ಲಿ "ಬಾಗಿ" ಎನ್ನುವಷ್ಟರಲ್ಲಿ ಕತ್ತರಿಸಿತ್ತು. ಫೈಬರ್ ಬರುವ ಮುಂಚಿನ ತಿಂಗಳುಗಳೆಲ್ಲ ಹೀಗೇ ಇದ್ದವು. ಆಮೇಲಿನವು ಮಾತ್ರ ಪೂರ್ತಿಯಾಗಿ, ಸ್ವಚ್ಛವಾಗಿ ಇದ್ದವು. ತೊದಲು ಒಂದಿಷ್ಟೂ ಬಿಡದ ಹಾಗೆ. ಕಾರಣ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಡಲೇ ತಮ್ಮನಿಗೆ ಫೋನು ಮಾಡಿದಳು.

"ರಘು, ಲ್ಯಾಪ್‌ಟಾಪಲ್ಲಿ ಹಳೇದು ಏನಾದ್ರೂ ಉಳಿದಿದೆಯೇನೋ?"

"ಇಲ್ವಲ್ಲಕ್ಕ. ಮೇಲೆ ಹೋದ್ಮೇಲೆ ತಾನೇ ಅಳಿಸುತ್ತೆ ಅಂತ ನೀನೇ ಹೇಳಿದ್ಯಲ್ಲ. ದಿನಾ 'ಮುಗಿಯಿತು' ಅಂತ ಬರೋದು. ನೋಡ್ಕೊಂಡೇ ಮುಚ್ಚಿಡ್ತಿದ್ದೆ."

ಫೈಬರ್ ಬರುವ ಮುಂಚಿನವೆಲ್ಲ ಅರ್ಧಕ್ಕೇ ಕತ್ತರಿಸಿವೆ ಎಂದು ಅವಳು ಹೇಳಿದಳು.

"ಎಲ್ಲಾನೂನಾ ಅಕ್ಕ?" ಎಂದ.

ಲ್ಯಾಪ್‌ಟಾಪನ್ನು ಹಾಸನದ ಅಂಗಡಿಯೊಂದಕ್ಕೆ ಕೊಟ್ಟರು. ಅಳಿಸಿದ ಜಾಗದ ಮೇಲೇ ದಿನದಿನವೂ ಹೊಸ ರೆಕಾರ್ಡಿಂಗ್ ಬಂದು ಕೂತಿದ್ದರಿಂದ ಕೆಳಗೆ ಏನೂ ಉಳಿದಿಲ್ಲ ಎಂದು ಅಂಗಡಿಯವನು ಹೇಳಿದ. ಸರ್ವರಿನವರು, ತಮ್ಮ ಕಡೆಗೆ ತಲುಪಿದ್ದೇ ಅಷ್ಟು ಎಂದು ಉತ್ತರ ಕೊಟ್ಟರು. ರಘು ದೇವಸ್ಥಾನದ ಹತ್ತಿರ ಹೋಗಿ ಅಪ್ಪನ ಜೊತೆಗಾರರನ್ನೆಲ್ಲ ವಿಚಾರಿಸಿದ. ಎಳನೀರು ಮಾರುವ ಕೆಂಚಯ್ಯನ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಅಪ್ಪ ದೂರದಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ಗಾಳಿಯ ಸದ್ದು, ಮಕ್ಕಳ ಕಿರುಚಾಟವೇ ಹೆಚ್ಚು. "ಯಜಮಾನ್ರು ದಿನಾ ಇಲ್ಲೇ ಇರೋರು, ಅವರ ದನಿ ಹಿಡಿದಿಟ್ಕಬೇಕು ಅಂತ ಯಾರಿಗೆ ಅನ್ಸುತ್ತೆ ಸ್ವಾಮಿ?" ಎಂದ ಕೆಂಚಯ್ಯ. ಪ್ರವಾಸಿಗರು ಇಂಟರ್‌ನೆಟ್ಟಿಗೆ ಹಾಕಿದ್ದ ವಿಡಿಯೋಗಳನ್ನೂ ಮೇಧಿನಿ ಹುಡುಕಿದಳು. ಎಲ್ಲರೂ ಕ್ಯಾಮೆರಾವನ್ನು ಕಲ್ಲಿನ ಕಡೆಗೆ ಹಿಡಿದು, ಮೇಲೆ ಸಂಗೀತ ಹಾಕಿದ್ದರು.

ಉಳಿದದ್ದರಿಂದಲೇ ಮಾಡೋಣ ಎಂದು ಅವಳು ಕೂತಳು. ತೊದಲಿನ ರೆಕಾರ್ಡಿಂಗುಗಳನ್ನೇ ಯಂತ್ರಕ್ಕೆ ಕೊಟ್ಟಳು. ಎಷ್ಟು ತಿದ್ದಿದರೂ ಯಂತ್ರ ಕೊಟ್ಟಿದ್ದನ್ನೇ ಕಲಿಯಿತು. ಹಳೇಬೀಡಿಗೆ ಹೋಗಿ ಅಪ್ಪನ ಎದುರು ಲ್ಯಾಪ್‌ಟಾಪ್ ಇಟ್ಟು, ನೀರು ಬೇಕು ಎಂದು ಟೈಪ್ ಮಾಡಿದಳು. ಒಳಗಿನಿಂದ ಅಪ್ಪನ ದೀಪಾವಳಿಯ ಹಿಂದಿನ ದನಿ ಹೊರಟಿತು, ಮೂಗಿನಲ್ಲಿ, ಅಕ್ಷರ ಸ್ಪಷ್ಟವಾಗದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಪ್ಪ ಕೊನೆಯವರೆಗೂ ಕೇಳಿ, ಸ್ಲೇಟು ತೆಗೆದುಕೊಂಡು ಬರೆದರು: 'ಇದನ್ನು ಮರೆಯೋಣ ಅಂತಿದ್ದೆ.' ಆಮೇಲೆ ಮಗಳ ಮುಖ ನೋಡಿ ಅದನ್ನು ಒರೆಸಿ, 'ಕಷ್ಟಪಟ್ಟಿದ್ದೀಯ' ಎಂದು ಬರೆದರು.

ತಪ್ಪು ತನ್ನದೆಂದು ಅವಳು ಅಂದೇ ಹೇಳಿದಳು. ಅಮ್ಮ ಅವಳನ್ನು ಬೈಯಲಿಲ್ಲ. "ನನ್ನ ಹೆಸರು ಕರೆದದ್ದು ನಾನು ಕೇಳಿಸ್ಕೊಂಡಿದೀನಿ ಕಣೇ. ಆದ್ರೆ ಈಗ ನೆನಪು ಮಾಡ್ಕೊಳಕ್ಕೆ ಹೋದ್ರೆ ದನಿ ಬರಲ್ಲ, ಮಾತು ಮಾತ್ರ ಬರುತ್ತೆ" ಎಂದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು ಎಂದು ಮೇಧಿನಿಗೆ ಬಸ್ಸಿನಲ್ಲಿ ಅನ್ನಿಸಿತು.

ಇನ್ನೊಬ್ಬರಿಗೆ ಹೀಗಾಗಬಾರದು ಎಂಬ ಹಟದಲ್ಲಿ ಅವಳು ತಿದ್ದುಪಡಿಯನ್ನು ಮತ್ತೆ ಕೈಗೆತ್ತಿಕೊಂಡಳು. ಬಳಕೆದಾರರೊಬ್ಬರ ತಿಂಗಳುಗಟ್ಟಲೆಯ ಧ್ವನಿ ಹೀಗೆ ನಾಶವಾಗಿದೆ ಎಂದು ಬರೆದಳು. ಅದು ತನ್ನ ಅಪ್ಪನದು ಎಂದು ಬರೆಯಲಿಲ್ಲ. ಸಮ್ಯಕ್ ಅದನ್ನು ಓದಿ ಗಾಬರಿಯಾದ. ಆ ವಾರವೇ ಕೂತು ಪರಿಶೀಲಿಸಿದ, ಎಲ್ಲ ಸರಿಯಿದೆ ಎಂದ. ಆದರೆ ಉಳಿದವರು ಒಪ್ಪಲಿಲ್ಲ. ಪ್ರತಿ ಫೈಲನ್ನೂ ಹೋಲಿಸಿ ನೋಡಿದರೆ ದೊಡ್ಡ ಪ್ರಮಾಣದಲ್ಲಿ ಬಳಸುವವರಿಗೆ ಕೆಲಸ ನಿಧಾನವಾಗುತ್ತದೆ, ಅವರ ನೆಟ್‌ವರ್ಕ್ ಕಡಿಯುವುದೂ ಇಲ್ಲ ಎನ್ನುವುದು ಅವರ ವಾದ. ಮೇಧಿನಿ ಉದ್ದುದ್ದ ಉತ್ತರ ಬರೆದಳು. ಫೋನಿನ ನೆಟ್ ನಂಬಿಕೊಂಡು ಕೆಲಸ ಮಾಡುವವರೂ ಇದ್ದಾರೆ, ಅವರಿಗೆ ಎರಡನೇ ಸಲದ ಅವಕಾಶ ಇರುವುದಿಲ್ಲ ಎಂದಳು. ಕೊನೆಗೆ ಮತಕ್ಕೆ ಹಾಕಿ ತೀರ್ಮಾನ ಮಾಡಿದರು: ತಿದ್ದುಪಡಿ ಸೇರುತ್ತದೆ, ಆದರೆ ಕೇಳಿ ಹಾಕಿಸಿಕೊಂಡವರಿಗೆ ಮಾತ್ರ. ಕೇಳದಿದ್ದರೆ ಎಲ್ಲ ಹಿಂದಿನ ಹಾಗೇ. ಕೇಳಬೇಕೆಂದು ಗೊತ್ತಿಲ್ಲದವರೇ ಅಲ್ಲವೇ ಕಳೆದುಕೊಳ್ಳುವುದು ಎಂದು ಅವಳು ಬರೆದಳು. ತೀರ್ಮಾನ ಬದಲಾಗಲಿಲ್ಲ. ಹೊಸ ಆವೃತ್ತಿ ಬಂತು. ಅವಳ ಕೆಲಸದ ಬಗ್ಗೆ ಅದರಲ್ಲಿ ಒಂದು ಸಾಲು ಇತ್ತು. ಆ ಬಳಕೆದಾರರಿಗೆ ಏನಾದರೂ ವಾಪಸ್ ಸಿಕ್ಕಿತೇ ಎಂದು ಸಮ್ಯಕ್ ಬೇರೆಯಾಗಿ ಕೇಳಿದ್ದ. ಇಲ್ಲ ಎಂದಷ್ಟೇ ಬರೆದು, ಇನ್ನು ಮುಂದೆ ತನಗೆ ಆಗುವುದಿಲ್ಲವೆಂದು ತಿಳಿಸಿ ಅವಳು ಹೊರಬಂದಳು. ಆ ಭಾಗ ನೋಡಿಕೊಳ್ಳಲು ಬೇರೆ ಯಾರೂ ಬರಲಿಲ್ಲ.

ಬೇಸಿಗೆಯಲ್ಲಿ ಅಪ್ಪನ ಬೆರಳುಗಳೂ ಸೋತವು. ಊಟ ಕೊಳವೆಯಲ್ಲಿ. ರಘು ಒಂದು ದೊಡ್ಡ ಹಾಳೆಯ ಮೇಲೆ ವರ್ಣಮಾಲೆ ಬರೆದ. ಅಕ್ಷರಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದರೆ, ಬೇಕಾದದ್ದು ಬಂದಾಗ ಅಪ್ಪ ಹುಬ್ಬು ಎತ್ತಬೇಕು. ಒಂದು ಭಾನುವಾರ ಮೇಧಿನಿ ಹೋಗಿದ್ದಾಗ ಅವರು ಹಾಳೆಯ ಕಡೆಗೇ ನೋಡುತ್ತಿದ್ದರು. ಏನೋ ಹೇಳುವುದಿದೆ ಎಂದು ಮೂವರೂ ಸುತ್ತ ಕೂತರು. 'ಮ'ಕಾರಕ್ಕೆ ಹುಬ್ಬು ಎದ್ದಿತು. ದೀರ್ಘವೇ ಎಂದು ಕೇಳಿದ್ದಕ್ಕೂ ಎದ್ದಿತು. ಮುಂದಿನ ಅಕ್ಷರಕ್ಕೆ ಹೋಗುವಷ್ಟರಲ್ಲಿ ಕೆಮ್ಮು ಹತ್ತಿ, ಅವರು ದಣಿದು ಕಣ್ಣು ಮುಚ್ಚಿದರು. ಸುಧಾರಿಸಿಕೊಂಡ ಮೇಲೆ ರಘು, "ಮಾತ್ರೆ ಬೇಕಾ ಅಪ್ಪ?" ಎಂದ. ಹುಬ್ಬು ಏಳಲಿಲ್ಲ. ಅಮ್ಮ ಹತ್ತಿರ ಬಗ್ಗಿ, "ಮಾಲೇಕಲ್ಲಾ? ಬೆಟ್ಟದ ವೆಂಕಟರಮಣನಿಗೆ ಹೊತ್ತ ಹರಕೆ ಹಾಗೇ ಉಳಿದಿದೆ ಅಂತಲಾ?" ಎಂದರು. ಹುಬ್ಬು ಅಲುಗಿತೋ ಇಲ್ಲವೋ ಮೇಧಿನಿಗೆ ತಿಳಿಯಲಿಲ್ಲ. ಅಲುಗಿತು ಎಂದು ಅಮ್ಮ ಹೇಳಿದರು. ಆಮೇಲೆ ಹಾಳೆ ಹಿಡಿದರೆ ಅಪ್ಪ ಅದರ ಕಡೆ ನೋಡುವುದನ್ನೇ ಬಿಟ್ಟರು.

ಮರುವಾರ ಅಮ್ಮ ಅರಸೀಕೆರೆಗೆ ಬಂದರು. ತಾಯಿ ಮಗಳು ಆಟೋದಲ್ಲಿ ಮಾಲೇಕಲ್ಲಿಗೆ ಹೋಗಿ ಬೆಟ್ಟದ ಮೆಟ್ಟಿಲು ಹತ್ತಿದರು. ಅರ್ಧ ಹತ್ತಿದ ಮೇಲೆ ಅಮ್ಮ ಮಂಡಿ ಹಿಡಿದುಕೊಂಡು ಕೂತು, "ಇದನ್ನೇ ಅಲ್ವೇನೇ ಅವರು ಹೇಳಿದ್ದು?" ಎಂದು ಕೇಳಿದರು.

"ಹೌದಮ್ಮ" ಎಂದಳು ಮೇಧಿನಿ.

ವೆಂಕಟರಮಣನಿಗೆ ಹರಕೆ ಒಪ್ಪಿಸಿ, ಅಂದು ಸಂಜೆಯೇ ಇಬ್ಬರೂ ಹಳೇಬೀಡಿಗೆ ಹೋದರು. ಅಪ್ಪನಿಗೆ ಪ್ರಸಾದ ನುಂಗುವಂತಿರಲಿಲ್ಲ. ಅಮ್ಮ ತೀರ್ಥವನ್ನು ತುಟಿಗೆ ಸವರಿದರು. ಹರಕೆ ತೀರಿತು, ಇನ್ನು ಯೋಚನೆ ಮಾಡಬೇಡಿ ಎಂದು ಕಿವಿಯ ಹತ್ತಿರ ಹೇಳಿದರು. ಅಪ್ಪ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಹುಬ್ಬು ಏಳಲಿಲ್ಲ. ಅವರು ಹೇಳಬೇಕೆಂದಿದ್ದು ಅದಾಗಿರಲಿಲ್ಲ ಎಂದು ಮೇಧಿನಿಗೆ ಆಗಲೇ ಗೊತ್ತಾಯಿತು. ಅಮ್ಮನಿಗೆ ಮಾತ್ರ ಅವಳು ಅದನ್ನು ಹೇಳಲಿಲ್ಲ.