ಹತ್ತರಿಂದ ಒಂದರವರೆಗೆ

ಮಗಳು ದೀಪು ಎಲ್‌ಕೆಜಿಗೆ ಸೇರಿದ ತಿಂಗಳಲ್ಲೇ ನೀಲಾಂಬಿಕಾಳಿಗೆ ಒಂದು ವಿಷಯ ಖಾತ್ರಿಯಾಯಿತು. ಆ ಸ್ಕೂಲಿನ ಫೀಸು ಕಟ್ಟಬೇಕಾದರೆ ತಾನೂ ಎಲ್ಲಾದರೂ ಕೆಲಸಕ್ಕೆ ಸೇರಲೇಬೇಕು. ಗಂಡ ಈಶಪ್ಪ ಜಿಗಣಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿದ್ದ. ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಮೈತುಂಬ ಕಲ್ಲಿನ ಪುಡಿ ಹೊತ್ತುಕೊಂಡು ಬರುತ್ತಿದ್ದ. ಅವನ ಸಂಬಳ ಬಾಡಿಗೆಗೆ, ರೇಷನ್ನಿಗೆ, ಕುಷ್ಟಗಿ ಕಡೆ ಊರಲ್ಲಿದ್ದ ಅವ್ವನ ಔಷಧಿಗೆ ಸರಿಹೋಗುತ್ತಿತ್ತು. ದೀಪುವಿನ ಸ್ಕೂಲು ಒಂಬತ್ತೂವರೆಗೆ ಶುರುವಾಗಿ ಒಂದೂವರೆಗೆ ಬಿಡುತ್ತಿತ್ತು. ಮಗಳನ್ನು ಬಿಟ್ಟು ಹತ್ತಕ್ಕೆ ಕೆಲಸಕ್ಕೆ ನಿಂತು, ಒಂದಕ್ಕೆ ಹೊರಟರೆ ಲೆಕ್ಕ ಸರಿ. ಮೂರೇ ತಾಸು. ಸಿಂಗಸಂದ್ರದಲ್ಲಿ ಇಷ್ಟೊಂದು ಅಂಗಡಿ ಇರುವಾಗ ಮೂರು ತಾಸು ನಿಲ್ಲುವುದಕ್ಕೆ ಒಂದು ಜಾಗ ಸಿಗದೇ ಇರುತ್ತದೆಯೇ ಅಂದುಕೊಂಡಳು.

ಈ ವಿಷಯವನ್ನು ಮನೆ ಓನರ್ ರಾಮಕ್ಕನಿಗೆ ಹೇಳಿದ್ದೇ ತಪ್ಪಾಯಿತು.

ರಾಮಕ್ಕನಿಗೆ ಅರವತ್ತೆರಡು ವರ್ಷ. ಒಂದು ಕಾಲಕ್ಕೆ ಹೊಸೂರು ರಸ್ತೆಯ ಪಕ್ಕದಲ್ಲೇ ಅವರ ರಾಗಿ ಹೊಲಗಳಿದ್ದವು. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಬೇರೆಯವರ ಅಂಗಡಿಗಳಾದವು, ಉಳಿದ ಚೂರಿನಲ್ಲಿ ಮಗ ಎಂಟು ಬಾಡಿಗೆ ರೂಮು ಕಟ್ಟಿಸಿದ. ರಾಮಕ್ಕನ ಕೈಕಾಲು ಇನ್ನೂ ಗಟ್ಟಿಯಾಗಿದ್ದವು, ಮಾಡುವುದಕ್ಕೆ ಮಾತ್ರ ಏನೂ ಇರಲಿಲ್ಲ.

"ನೀನೊಬ್ಳೇ ಓಗಿ ನಿಂತ್ರೆ ಯಾರ್ ಕೇಳ್ತಾರಮ್ಮಿ ನಿನ್ನ?" ಅಂದಳು ರಾಮಕ್ಕ. "ಈ ಏರಿಯಾದಾಗೆ ನಂಗೆ ಗೊತ್ತಿಲ್ದಿರೋ ಅಂಗ್ಡಿ ಯಾವ್ದೈತೆ? ನಡಿ, ನಾನೂ ಬತ್ತೀನಿ. ಒಂದು ಮಾತು ಯೋಳ್ತೀನಿ."

ನೀಲಾಂಬಿಕಾ ಬೇಡ ಅನ್ನಲಾರದೆ ಹೂಂ ಅಂದಳು.

ಮೊದಲು ಹೋಗಿದ್ದು ಮೇನ್ ರೋಡಿನ ಸೂಪರ್ ಮಾರ್ಕೆಟ್ಟಿಗೆ. ಬಾಗಿಲ ಮೇಲೆ 'ಪಾರ್ಟ್ ಟೈಮ್ ಕೆಲಸಕ್ಕೆ ಹೆಂಗಸರು ಬೇಕು' ಎಂದು ಅಂಟಿಸಿದ್ದರು. ಮ್ಯಾನೇಜರ್ ಸಿದ್ದಾರ್ಥ್ ಎಂಬ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

"ಪಾರ್ಟ್ ಟೈಮ್ ಅಂದ್ರ ಎಷ್ಟೊತ್ತರಿ ಸರ್?" ನೀಲಾಂಬಿಕಾ ಕೇಳಿದಳು.

"ಬೆಳಗ್ಗೆ ಹತ್ತರಿಂದ ರಾತ್ರಿ ಎಂಟು."

"ಮತ್ತ ಫುಲ್ ಟೈಮ್?"

"ಒಂಬತ್ತರಿಂದ ಹತ್ತು. ನೋಡಿ, ಪಾರ್ಟ್ ಟೈಮಲ್ಲಿ ನಿಮಗೆ ಮೂರು ಗಂಟೆ ಉಳಿಯುತ್ತೆ."

"ಹಂಗಾರ ಆ ಉಳಿದ ಮೂರು ತಾಸು ನನಗ ಕೊಡ್ರಿ," ಅಂದಳು ನೀಲಾಂಬಿಕಾ. ಅವಳು ಮನಸಾರೆ ಕೇಳಿದ್ದಳು. ಸಿದ್ದಾರ್ಥ್ ಬಾಯಿ ತೆರೆಯುವ ಮೊದಲೇ ರಾಮಕ್ಕ ಮುಂದೆ ಬಂದಳು.

"ಏನಪ್ಪಾ, ನೀನು ನಿಂತಿದ್ದೀಯಲ್ಲ, ಆ ಜಾಗ್ದಾಗೆ ನಮ್ ಬಾವಿ ಇತ್ತು."

ಸಿದ್ದಾರ್ಥ್ ತನಗೇ ಗೊತ್ತಿಲ್ಲದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದ.

"ನಲವತ್ತಡಿ ಆಳ. ಒಂದು ಎಮ್ಮೇನೂ ಬಿದ್ದಿತ್ತು. ನಮ್ ಒಲ್ದಾಗೆ ಅಂಗ್ಡಿ ಇಕ್ಕೊಂಡು, ನಮ್ ಮನೆ ಎಣ್ಮಗೀಗೆ ಮೂರು ಗಂಟೆ ಕೆಲ್ಸ ಇಲ್ಲ ಅಂತೀಯಲ್ಲ, ನ್ಯಾಯಾನಾ?"

ಬಿಲ್ಲಿಂಗ್ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಿದ್ದಾರ್ಥ್ ಸೆಕ್ಯೂರಿಟಿಯನ್ನು ಕೂಗಿದ. ಓಡಿಬಂದ ಸೆಕ್ಯೂರಿಟಿ ನೋಡಿದರೆ ರಾಮಕ್ಕನ ಮೂರನೇ ರೂಮಿನ ಬಾಡಿಗೆಯವನು. ಆತ ಕೈಮುಗಿದು, "ಬನ್ನಿ ಅಮ್ಮಾ," ಎಂದು ಇಬ್ಬರನ್ನೂ ಮರ್ಯಾದೆಯಿಂದ ರಸ್ತೆಯವರೆಗೆ ಬಿಟ್ಟು ಬಂದ.

ಮರುದಿನ ರೆಡಿಮೇಡ್ ಬಟ್ಟೆ ಅಂಗಡಿ. ಮಾಲೀಕಳು ಮಾಲಾ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಳು. ಅವಳ ಗಂಡ ಪಕ್ಕದಲ್ಲಿ ಟೀ ಕುಡಿಯುತ್ತಿದ್ದ.

"ಎಕ್ಸ್‌ಪೀರಿಯನ್ಸ್ ಎಷ್ಟು ವರ್ಷ?"

"ಇಲ್ಲರಿ ಅಕ್ಕಾರ, ಇದs ಮೊದಲ."

"ಎಕ್ಸ್‌ಪೀರಿಯನ್ಸ್ ಇಲ್ಲದೆ ನಾವು ತಗೊಳಲ್ಲಮ್ಮ."

"ಯಾರೂ ತಗೊಳ್ಳದಿದ್ರ ಅದು ಬರೂದ ಹೆಂಗರಿ?"

ಮಾಲಾಳಿಗೆ ಈ ಮಾತು ಸರಿ ಅನ್ನಿಸಿದಂತೆ ಕಂಡಿತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಒಪ್ಪಿಕೊಂಡೇಬಿಡುತ್ತಿದ್ದಳೇನೋ. ಅಷ್ಟರಲ್ಲಿ ರಾಮಕ್ಕ, "ಅಲ್ಲಮ್ಮಣ್ಣಿ, ಮದುವೆಗೆ ಮುಂಚೆ ನಿಂಗೇನು ಎಕ್ಸ್‌ಪೀರಿನ್ಸ್ ಇತ್ತಾ? ಇವ್ನು ಕಟ್ಕೊಳ್ಳಿಲ್ವಾ?" ಅಂದಳು. ಗಂಡನಿಗೆ ಟೀ ನೆತ್ತಿಗೇರಿತು. ಅವನು ಕೆಮ್ಮುವುದು ನಿಲ್ಲುವ ಮೊದಲೇ ಇವರಿಬ್ಬರೂ ಬೀದಿಯಲ್ಲಿದ್ದರು.

ಒಂದು ಬೇಕರಿಯಲ್ಲಿ ಏನೂ ವಿಚಾರಿಸಲಿಲ್ಲ. ಗೋಡೆಯ ಮೇಲಿನ ಕ್ಯೂಆರ್ ಕೋಡಿನ ಚೌಕ ತೋರಿಸಿ, ಸ್ಕ್ಯಾನ್ ಮಾಡಿ ಫೋನಲ್ಲೇ ಅರ್ಜಿ ಹಾಕಿ ಅಂದರು. ಪಕ್ಕದ ರೂಮಿನ ಪಿಯುಸಿ ಹುಡುಗಿಯನ್ನು ಕೂರಿಸಿಕೊಂಡು ಒಂದು ಗಂಟೆ ಅರ್ಜಿ ತುಂಬಿದರು. ಮೂರನೇ ದಿನ ಯಾರೋ ಫೋನ್ ಮಾಡಿ, ನಿಮ್ಮನ್ನು ಡೆಲಿವರಿ ಕೆಲಸಕ್ಕೆ ಆರಿಸಿದ್ದೇವೆ, ನಿಮ್ಮ ಬೈಕಿನ ನಂಬರ್ ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ಬೈಕಿಲ್ಲ ಅಂದಿದ್ದಕ್ಕೆ, ಸ್ಕೂಟರಾದರೂ ನಡೆಯುತ್ತದೆ ಅಂದರು.

ಕೊನೆಗೆ ಅಪಾರ್ಟ್‌ಮೆಂಟುಗಳ ಕಡೆ ಹೊಸದಾಗಿ ತೆರೆದ ಸಿರಿಧಾನ್ಯದ ಅಂಗಡಿಗೆ ಹೋದರು. ನಿವೇದಿತಾ ಅನ್ನುವವಳು ಕಂಪನಿ ಕೆಲಸ ಬಿಟ್ಟು ಇದನ್ನು ಶುರುಮಾಡಿದ್ದಳು. ಮಣ್ಣಿನ ಮಡಕೆಗಳಲ್ಲಿ ಧಾನ್ಯ, ಮೇಲೆ ಫ್ಯಾನು, ಬೆತ್ತದ ಕುರ್ಚಿ. "ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ಒಬ್ಬರು ಬೇಕು," ಅಂದಳು ನಿವೇದಿತಾ. ನೀಲಾಂಬಿಕಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಒಂದೇ ಪ್ರಶ್ನೆ ಕೇಳ್ತೀನಿ," ನಿವೇದಿತಾ ಎರಡು ಮಡಕೆ ತೋರಿಸಿದಳು. "ಇದರಲ್ಲಿ ನವಣೆ ಯಾವುದು, ಸಾಮೆ ಯಾವುದು?"

ನೀಲಾಂಬಿಕಾ ಹುಟ್ಟಿದ್ದೇ ನವಣೆ ಬೆಳೆಯುವ ಊರಲ್ಲಿ. ಬಾಯಿ ತೆರೆದಳು. ಆದರೆ ರಾಮಕ್ಕನ ಕೈ ಆಗಲೇ ಮಡಕೆಯೊಳಗಿತ್ತು. ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದಿದಳು. ಹೊಟ್ಟು ಹಾರಿತು.

"ಇದು ಸಾಮೆ. ಸರಿಯಾಗಿ ಕೇರಿಲ್ಲ, ಯಾವನೋ ನಿಂಗೆ ಟೋಪಿ ಆಕವ್ನೆ. ಅದು ನವಣೆ. ಬಾಣಂತೀರ್ಗೆ ಒಳ್ಳೇದು. ನಮ್ಮತ್ತೆ ನನ್ ದೊಡ್ ಮಗ ಉಟ್ಟಿದಾಗ..."

ನಿವೇದಿತಾ ಫೋನ್ ತೆಗೆದು ವಿಡಿಯೋ ಮಾಡತೊಡಗಿದಳು. ದೊಡ್ಡ ಮಗ ಹುಟ್ಟಿ, ಬೆಳೆದು, ಎರಡನೆಯವನೂ ಹುಟ್ಟುವವರೆಗೆ ಮಾಡಿದಳು. ಆಮೇಲೆ ಕೇಳಿದಳು, "ಅಮ್ಮಾ, ನೀವೇ ಬರ್ತೀರಾ ಕೆಲಸಕ್ಕೆ?"

ರಾಮಕ್ಕ ನೀಲಾಂಬಿಕಾಳನ್ನು ನೋಡಿದಳು. ಫ್ಯಾನಿನ ಕೆಳಗಿದ್ದ ಬೆತ್ತದ ಕುರ್ಚಿಯನ್ನು ನೋಡಿದಳು. ಮತ್ತೆ ನೀಲಾಂಬಿಕಾಳನ್ನು ನೋಡದೆಯೇ, "ನಾಳೆ ಎಷ್ಟೊತ್ಗೆ ಬರ್ಲವ್ವಾ?" ಅಂದಳು.

ಆ ವಾರ ನೀಲಾಂಬಿಕಾಳ ಕೈಯಲ್ಲಿ ವಠಾರದ ಒಗೆಯುವ ಕಲ್ಲಿಗೆ ಉಳಿಗಾಲವಿರಲಿಲ್ಲ. ಈಶಪ್ಪನ ಅಂಗಿಯ ಎರಡು ಗುಂಡಿ ಒಡೆದುಹೋದವು. ಅವನು ಗುಂಡಿಯಿಲ್ಲದ ಅಂಗಿಯನ್ನೂ ಹೆಂಡತಿಯ ಮುಖವನ್ನೂ ನೋಡಿ, "ಮಾಲಕರ ಜೋಡಿ ಜಗಳ ಬ್ಯಾಡ," ಎಂದಷ್ಟೇ ಹೇಳಿ ಊಟಕ್ಕೆ ಕೂತ. ಜಗಳ ಮಾಡುವುದಕ್ಕೆ ಅವಳಿಗೂ ಧೈರ್ಯ ಇರಲಿಲ್ಲ. ಅದಕ್ಕೇ ಅಷ್ಟು ಸಿಟ್ಟು.

ರಾಮಕ್ಕ ಮಾತ್ರ ದಿನಾ ಇಸ್ತ್ರಿ ಸೀರೆ ಉಟ್ಟು ಒಂಬತ್ತೂವರೆಗೇ ಹೊರಡುತ್ತಿದ್ದಳು. ನಾಲ್ಕನೇ ದಿನ ಸಂಜೆ ಒಂದು ಬಟ್ಟಲು ಬಸ್ಸಾರು ಹಿಡಿದು ಇವಳ ಬಾಗಿಲಿಗೆ ಬಂದಳು.

"ಸಿಟ್ಟು ಬಂದೈತಾ?"

"ನನಗ್ಯಾಕ ಸಿಟ್ಟರಿ ಅಮ್ಮಾರ."

"ಬಂದೈತೆ. ಬಟ್ಟೆ ಒಗಿಯೋ ಸದ್ನಾಗೇ ಗೊತ್ತಾಯ್ತದೆ." ರಾಮಕ್ಕ ಹೊಸ್ತಿಲ ಮೇಲೆ ಕೂತಳು. "ಮನೇಲಿ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ. ಸೊಸೆ ಟಿವಿ ನೋಡ್ಕೋ ಅಂತಾಳೆ. ಅಲ್ಲಿ ಆ ನಿವೇದಿತಾ ಮಗು ನಾನು ಬರೋದ್ನೇ ಬಾಗ್ಲಲ್ಲಿ ನಿಂತು ಕಾಯ್ತದೆ. ಬಂದೋರೆಲ್ಲ ಅಮ್ಮಾ ಹೆಂಗೆ ಬೇಯಿಸೋದು, ಅಮ್ಮಾ ಎಷ್ಟು ನೀರಿಕ್ಕೋದು ಅಂತ ಕೇಳ್ತಾರೆ. ಆಸೆ ಆಗೋಯ್ತು ಕಣಮ್ಮಿ. ನಿನ್ ಕೆಲ್ಸ ಕಿತ್ಕೊಂಡಂಗಾಯ್ತು. ಊಂ ಅನ್ನು, ನಾಳೇನೇ ಬುಟ್ಬುಡ್ತೀನಿ."

ಹಾಗೆ ಹೇಳಿ, ಎಲ್ಲಿ ಹೂಂ ಅಂದುಬಿಡುತ್ತಾಳೋ ಎಂದು ಹೆದರಿದವಳ ಹಾಗೆ ನೋಡಿದಳು. ಆ ಮುಖ ನೋಡಿ ನೀಲಾಂಬಿಕಾಳ ಸಿಟ್ಟು ಅರ್ಧಕ್ಕಿಳಿಯಿತು.

"ಬ್ಯಾಡ್ರಿ. ನೀವs ಮಾಡ್ರಿ."

"ಅಂಗಂತೀಯಾ? ಸರಿ ಬುಡು," ಎಂದು ರಾಮಕ್ಕ ಎಷ್ಟು ಬೇಗ ಎದ್ದಳೆಂದರೆ, ಉಳಿದ ಅರ್ಧ ಸಿಟ್ಟು ಹಾಗೇ ಉಳಿದುಕೊಂಡಿತು. ಗೇಟಿನ ಹತ್ತಿರ ಹೋದವಳು ತಿರುಗಿ, "ವಠಾರದ ನಲ್ಲಿ ಸೋರ್ತೈತೆ. ನಂಗೀಗ ಪುರ್ಸೊತ್ತಿಲ್ಲ. ನಾಳೆ ಸೊಣ್ಣಪ್ಪನ ಅಂಗ್ಡೀಲಿ ಒಂದು ತಂದ್ಬುಡು," ಅಂದಳು.

ಸೊಣ್ಣಪ್ಪನದು ಹಾರ್ಡ್‌ವೇರ್ ಅಂಗಡಿ. ಮರುದಿನ ನೀಲಾಂಬಿಕಾ ಹೋದಾಗ ಅಲ್ಲಿ ಜಗಳವೇ ನಡೆಯುತ್ತಿತ್ತು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹನುಮೇಶ ಎಂಬ ಆಳು ಕಟ್ಟೆಗೆ ಕೈಯೂರಿ ನಿಂತಿದ್ದ.

"ಯಜಮಾನರ, ಒಂದು ಕೀಲಿ ಕೊಡ್ರಿ."

"ಕೀಲಿ ನನ್ ತಾವ ಯಾಕಯ್ಯಾ ಇರ್ತದೆ? ನಿನ್ ಮನೆ ಕೀಲಿ ನೀನಿಟ್ಕೋಬೇಕು."

"ಮನೀಗಲ್ಲರಿ, ಟ್ರಂಕಿಗೆ."

"ಕಳ್ದೋಯ್ತಾ? ಕೀ ಮಾಡೋನು ಬಸ್ ಸ್ಟಾಪ್ ತಾವ ಕೂತವ್ನೆ, ಓಗು."

"ಕಳದಿಲ್ಲರಿ, ಹೊಸಾದು ಬೇಕ್ರಿ! ಮತ್ತ ಎರಡು ನಳಾನೂ ಬೇಕ್ರಿ."

"ನಾಳೆ ಬೇಕಿದ್ರೆ ನಾಳೇನೇ ಬಾರಯ್ಯಾ, ಇವತ್ತ್ಯಾಕೆ ಬಂದು ಪ್ರಾಣ ತಿಂತೀಯಾ!"

ಹನುಮೇಶ ಸಿಟ್ಟಿನಿಂದ ಎದುರಿನ ಅಂಗಡಿಗೆ ಹೊರಟ. ನೀಲಾಂಬಿಕಾ ತಡೆದಳು. "ನಿಂದ್ರಪಾ. ಅಣ್ಣಾರ, ನಮ್ಮ ಕಡೆ ಕೀಲಿ ಅಂದ್ರ ಬೀಗರಿ. ನಳ ಅಂದ್ರ ನಲ್ಲಿ. ಅವ ನಾಳೆ ಅನ್ನಲಿಲ್ಲ."

ಸೊಣ್ಣಪ್ಪ ಕನ್ನಡಕ ತೆಗೆದು ಅವಳನ್ನೇ ನೋಡಿದ. ಬೀಗ ಕೊಟ್ಟ, ನಲ್ಲಿ ಕೊಟ್ಟ. ಹನುಮೇಶ ಹೋದ ಮೇಲೆ, "ದಿನಾ ಇಂಗೇ ಕಣಮ್ಮ," ಅಂದ. "ಬೆಳಗ್ಗೆ ಈ ಉಡುಗ್ರು ಬತ್ತಾರೆ, ಅವ್ರೇನೋ ಕೇಳ್ತಾರೆ, ನಾನೇನೋ ಯೋಳ್ತೀನಿ, ಎದುರಂಗ್ಡಿಗೆ ಓಯ್ತಾರೆ. ಬೇಕಂತ ರೇಗಿಸ್ತಾರೆ ಅನ್ಕಂಡಿದ್ದೆ."

ನೀಲಾಂಬಿಕಾ ಸುತ್ತ ನೋಡಿದಳು. ಪಕ್ಕದಲ್ಲಿ ರಾಮಕ್ಕ ಇರಲಿಲ್ಲ. ಒಂದೇ ಉಸಿರಿಗೆ ಹೇಳಿದಳು: "ಅಣ್ಣಾರ, ನಾ ಕೆಲಸಕ್ಕ ಬರ್ತೀನ್ರಿ. ಹತ್ತರಿಂದ ಒಂದರ ತನಕ ಅಷ್ಟs. ಒಂದಕ್ಕ ಹೊಂಟೆ ಅಂದ್ರ ಹೊಂಟೆ, ಮಗಳನ್ನ ಕರಕೊಂಡು ಬರಬೇಕು. ನನಗ ಎಕ್ಸ್‌ಪೀರಿಯನ್ಸ್ ಇಲ್ಲ, ಇಂಗ್ಲಿಷ್ ಬರಂಗಿಲ್ಲ, ಬೈಕಿಲ್ಲ, ಸ್ಕೂಟರೂ ಇಲ್ಲ."

"ಸ್ಕೂಟ್ರು ಯಾಕಮ್ಮ ಇಲ್ಲಿ?" ಸೊಣ್ಣಪ್ಪನಿಗೆ ಅರ್ಥವಾಗಲಿಲ್ಲ. "ಮೊಳೆ ಗೊತ್ತಾ, ಮೊಳೆ?"

"ಗೊತ್ತ್ರಿ."

"ಸಾಕು. ನಾಳೆಯಿಂದ ಬಾ."

ಸುದ್ದಿ ಕೇಳಿದ ರಾಮಕ್ಕ ಕುಣಿದಾಡುವುದೊಂದು ಬಾಕಿ. "ಸೊಣ್ಣಪ್ಪಂಗೆ ನಾನು ಬಂದು ಒಂದು ಮಾತು ಯೋಳ್ಲಾ?" ಅಂದಳು.

"ಬ್ಯಾಡ್ರಿ ಅಮ್ಮಾರ!" ನೀಲಾಂಬಿಕಾ ಕೂಗಿದ್ದು ಎಂಟು ರೂಮಿಗೂ ಕೇಳಿಸಿತು.

ಕೆಲಸ ಸುಲಭವಿರಲಿಲ್ಲ. ಮೊದಲ ದಿನ ಪ್ಲಂಬರ್ ಒಬ್ಬ ಅವಸರದಲ್ಲಿ "ಅಕ್ಕಾ, ಎರಡು ಟೀ ಕೊಡಿ," ಅಂದ. ನೀಲಾಂಬಿಕಾ ಪಕ್ಕದ ಹೋಟೆಲಿಗೆ ಓಡಿ ಎರಡು ಲೋಟ ಟೀ ತಂದು ಕಟ್ಟೆಯ ಮೇಲಿಟ್ಟಳು. ಅವನಿಗೆ ಬೇಕಿದ್ದದ್ದು ಟೀ ಅನ್ನುವ ಮೂರು ಬಾಯಿಯ ಪೈಪಿನ ತುಂಡು. ಸೊಣ್ಣಪ್ಪ ಹಣೆ ಚಚ್ಚಿಕೊಂಡ, ಆಮೇಲೆ ಒಂದು ಲೋಟ ತಾನು ಕುಡಿದು ಇನ್ನೊಂದನ್ನು ಪ್ಲಂಬರನಿಗೆ ಕೊಟ್ಟ. ವಾರದೊಳಗೆ ಅವಳು ಅರ್ಧ ಇಂಚು, ಮುಕ್ಕಾಲು ಇಂಚು ಕಣ್ಣಳತೆಯಲ್ಲೇ ಹೇಳತೊಡಗಿದಳು. ಹನುಮೇಶನ ಕಡೆಯವರು ಹತ್ತಿಪ್ಪತ್ತು ಜನ ಎದುರಿನ ಅಂಗಡಿ ಬಿಟ್ಟು ಇಲ್ಲಿಗೆ ಬರತೊಡಗಿದರು. ಅವರಿಗೆ ಸಾಮಾನು ಬೇಕೋ, ಊರ ಕಡೆಯ ಮಾತು ಬೇಕೋ, ಒಬ್ಬೊಬ್ಬರು ನಾಲ್ಕು ಮೊಳೆಗೆ ಕಾಲು ತಾಸು ನಿಲ್ಲುತ್ತಿದ್ದರು.

ಕೆಲಸಕ್ಕೆ ಸೇರಿದ ಎರಡನೇ ವಾರದ ಶನಿವಾರ ಅಂಗಡಿ ತುಂಬ ಜನ. ಗಡಿಯಾರ ಒಂದು ತೋರಿಸಿತು. ನೀಲಾಂಬಿಕಾ ಕೈ ಒರೆಸಿಕೊಂಡು ಹೊರಟಳು.

"ಐದ್ ನಿಮಿಷ ನಿಲ್ಲಮ್ಮ! ಇವ್ರು ಏನ್ ಕೇಳ್ತಾವ್ರೆ ನೋಡು!" ಸೊಣ್ಣಪ್ಪ ಕೂಗಿದ.

ಅವಳು ಮೆಟ್ಟಿಲಲ್ಲೇ ನಿಂತಳು. ಈ ಮೂರು ತಾಸಿಗಾಗಿ ಎಷ್ಟು ಬಾಗಿಲು ಹತ್ತಿ ಇಳಿದಿದ್ದಳು. ಆದರೆ ಹಿಂದಿನ ವಾರ ಐದು ನಿಮಿಷ ತಡವಾಗಿದ್ದಕ್ಕೆ ದೀಪು ಗೇಟಿನ ಸರಳು ಹಿಡಿದು ಅತ್ತಿದ್ದಳು. "ಆಗಂಗಿಲ್ಲರಿ ಅಣ್ಣಾರ," ಎಂದು ಹೇಳಿ, ತಿರುಗಿ ನೋಡದೆ ನಡೆದುಬಿಟ್ಟಳು.

ಕೆಲಸ ಹೋಯಿತೆಂದೇ ಭಾನುವಾರವೆಲ್ಲ ಅಂದುಕೊಂಡಳು. ಸೋಮವಾರ ಹೆದರುತ್ತಲೇ ಹೋದಳು. ಸೊಣ್ಣಪ್ಪ ಮುಖ ಗಂಟಿಕ್ಕಿಕೊಂಡೇ ಮೊಳೆ ತೂಗುತ್ತಿದ್ದ. ಹನ್ನೆರಡೂ ಮುಕ್ಕಾಲಾಯಿತು, ಜನ ಸೇರಿದರು. ಆಗ ಅವನು ಸ್ಟೂಲಿನಿಂದ ಎದ್ದು ನಿಂತು ಗಂಟಲೆತ್ತಿದ:

"ಬೇಗ ಬೇಗ ಕೇಳ್ರಯ್ಯಾ! ಕಾಲು ಗಂಟೆ ಐತೆ. ಒಂದಕ್ಕೆ ಆಯಮ್ಮ ಓಯ್ತದೆ. ಆಮೇಲೆ ನೀವ್ ಕೇಳಿದ್ದು ನಂಗೆ ತಿಳಿಯಲ್ಲ, ನಾನು ಕೊಟ್ಟಿದ್ದು ನಿಮ್ಗೆ ಆಗಲ್ಲ!"