ನೀರಂಚಿನವರ ಕಣಿವೆ

"ಮಗ ಬೇಡ," ಎಂದಳು ಬೆಸ್ಸಿ, ಟ್ರಕ್ಕಿನ ಕಿಟಕಿಯ ಗಾಜನ್ನು ಅರ್ಧ ಏರಿಸುತ್ತ. "ಇರೋ ಮಕ್ಕಳೇ ಸಾಕಾಗಿದೆ ನಂಗೆ."

ಹೊರಗೆ ನಿಂತಿದ್ದ ಗೈಡು ಕಕ್ಕಾಬಿಕ್ಕಿಯಾದ. ಪಾಪ, ಅವನು ಮಾಡಿದ ತಪ್ಪೇನು? ಯಾವ ಕುಲವೆಂದು ಬೆಸ್ಸಿ ಅಜ್ಜಿ ಕೇಳಿದಳು, ಕಹಿನೀರಿನವನು ಎಂದ. ಬೆಸ್ಸಿಯೂ ಕಹಿನೀರಿನವಳೇ; ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ, ಅದೇ ಕುಲದ ಚಿಕ್ಕವನು ಮಗನೇ ಆಗುತ್ತಾನೆ. ಬೇರೆ ದಿನವಾಗಿದ್ದರೆ ಸ್ವಂತ ಕುಲದ ಹುಡುಗ ಸಿಕ್ಕನೆಂದು ಅವನ ಕೈ ಹಿಡಿದು, ನಿಮ್ಮಮ್ಮ ಯಾರು, ಇನ್ನೂ ಕುರಿ ಇಟ್ಟಿದ್ದೀರಾ, ಮದುವೆ ಯಾಕೆ ಆಗಿಲ್ಲ ಎಂದು ಜೀವ ತಿಂದಿರುತ್ತಿದ್ದಳು. ಇವತ್ತು ಮಾತ್ರ, ನೊಣ ಓಡಿಸಿದ ಹಾಗೆ ಓಡಿಸಿಬಿಟ್ಟಳು.

ಸ್ಟಿಯರಿಂಗ್ ಹಿಡಿದು ಕೂತಿದ್ದ ಮಗಳು ಡಾರ್ಲೀನ್‌ಗೆ ಮೈಯೆಲ್ಲ ಉರಿಯಿತು.

"ಅಮ್ಮಾ, ನಾವು ಸಂಬಂಧ ನೋಡೋಕೆ ಬಂದಿದ್ದೀವಾ? ಬೆಳಕು ನೋಡೋಕೆ ಬಂದಿರೋದು. ಮೇಲಿನ ಕಣಿವೆ ಇದು. ಮಧ್ಯಾಹ್ನ ಬಿಸಿಲಿನ ಕೋಲು ನೇರ ನೆಲಕ್ಕೆ ಇಳಿಯತ್ತೆ. ಇದನ್ನ ನೋಡೋಕೆ ಸಮುದ್ರ ದಾಟಿ ಜನ ಬರ್ತಾರೆ."

"ಬರಲಿ. ಬಂದು ಒಬ್ಬರ ಬೆನ್ನಿನ ಫೋಟೊ ಒಬ್ಬರು ತೆಗೀಲಿ," ಎಂದು ಬೆಸ್ಸಿ ತುಟಿ ಮುಂದೆ ಚಾಚಿ ಅಲ್ಲಿ ನಿಂತಿದ್ದ ಸಾಲನ್ನು ತೋರಿಸಿದಳು. ಸಾಲು ಟಿಕೆಟ್ ಗೂಡಿನಿಂದ ಹೊರಟು ಶೌಚಾಲಯವನ್ನು ಬಳಸಿಕೊಂಡು ರಸ್ತೆಯವರೆಗೂ ಬಂದಿತ್ತು. ಡಾರ್ಲೀನ್ ಟ್ರಕ್ಕು ತಿರುಗಿಸಿದಳು.

ಡಾರ್ಲೀನ್ ಟ್ಯೂಬಾ ಸಿಟಿಯ ಶಾಲೆಗಳಲ್ಲಿ ಮಕ್ಕಳ ಫೋಟೊ ತೆಗೆಯುವವಳು. ನೀಲಿ ಪರದೆ, ಎತ್ತರದ ಸ್ಟೂಲು, ಬೆರಳಿಗೆ ಸಿಕ್ಕಿಸಿಕೊಂಡ ರಬ್ಬರ್ ಕಪ್ಪೆ. ಮುನಿಸಿಕೊಂಡು ಕೂತ ಮಗುವನ್ನೂ ನಗಿಸಿ ಕಳಿಸುತ್ತಿದ್ದಳು. ನಮ್ಮ ಕಡೆ ಗೋಡೆ ಗೋಡೆಯ ಮೇಲೂ ಅವಳು ತೆಗೆದ ಮುಖಗಳಿವೆ. ಆದರೆ ಹೆತ್ತ ತಾಯಿಯ ಮುಖ ಒಂದೂ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಬೆಸ್ಸಿಯ ತಲೆ ಆಚೆ ತಿರುಗುತ್ತಿತ್ತು. ಮನೆಯ ಆಲ್ಬಮ್ಮಿನಲ್ಲಿ ಅವಳು ಇರುವುದೆಲ್ಲ ಬಿಳಿ ಉಣ್ಣೆಯ ದಾರ ಸುತ್ತಿದ ತುರುಬಾಗಿ, ರೊಟ್ಟಿ ತಟ್ಟುವ ಒಂದು ಕೈಯಾಗಿ.

ಡಾರ್ಲೀನ್ ಅದಕ್ಕೊಂದು ಕಾರಣ ಕಂಡುಕೊಂಡಿದ್ದಳು. ಪೇಜ್ ಊರಿನ ಅಂಗಡಿಯಲ್ಲಿ ಒಮ್ಮೆ ಹಳೆಯ ಪೋಸ್ಟ್‌ಕಾರ್ಡ್ ಸಿಕ್ಕಿತ್ತು: ರಸ್ತೆ ಪಕ್ಕ ಕುರಿಮರಿ ತಬ್ಬಿ ನಿಂತ ಪುಟ್ಟ ಹುಡುಗಿ. ಬೆಸ್ಸಿಯೇ. ಅಲ್ಲಿ ಅಣೆಕಟ್ಟು ಕಟ್ಟುವ ಕಾಲಕ್ಕೆ ಬಂದ ಯಾವನೋ ಪ್ರವಾಸಿ ತೆಗೆದದ್ದು. ಕೇಳದೆ ಮುಖ ಮಾರಿದ ಸಿಟ್ಟು ಅಮ್ಮನಿಗೆ ಇನ್ನೂ ಆರಿಲ್ಲ ಎಂದು ಮಗಳು ಸುಮ್ಮನಾಗಿದ್ದಳು.

ಹಾಗಿರುವಾಗ ಕಳೆದ ಚಳಿಗಾಲ ಬೆಸ್ಸಿಯ ತಂಗಿ ಹೋದಳು. ಮಣ್ಣು ಮಾಡಿದ ದಿನ ಹಂಚಿದ ನೆನಪಿನ ಹಾಳೆಯ ಮೇಲೆ ಹಾಕಲು ಗುರುತಿನ ಚೀಟಿಯ ಫೋಟೊ ಬಿಟ್ಟರೆ ಬೇರೆ ಸಿಗಲಿಲ್ಲ. ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಣ್ಣು ಬಿಟ್ಟುಕೊಂಡಿದ್ದಳು, ಅಷ್ಟು ಚೆಲುವೆ. ಬೆಸ್ಸಿ ಆ ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟಳು. ಬೇಸಗೆ ಬರುವವರೆಗೂ ಆ ಮಾತೆತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೀಲಿ ಜೋಳದ ಗಂಜಿ ಕದಡುತ್ತ ಹೇಳಿದಳು:

"ಆ ಚೀಟಿ ಮುಖ ನಂಗೆ ಬೇಡ. ನಂದೊಂದು ತೆಗಿ. ಒಂದೇ ಸಲ ಕೂರ್ತೀನಿ. ಚಿಕ್ಕವಳಿದ್ದಾಗ ಕುರೀನ ನೆರಳಿಗೆ ಹೊಡೀತಿದ್ವಲ್ಲ, ಆ ಬಂಡೆ ಸೀಳುಗಳಲ್ಲಿ. ಯಾವ ಸೀಳಾದ್ರೂ ಆದೀತು, ಎಲ್ಲಾ ಒಂದೇ ನೀರು ಕೊರೆದಿದ್ದು. ನೋಡಿ ಆರಿಸು."

ಯಾಕೆ, ಏನು ಎಂದು ಡಾರ್ಲೀನ್ ಕೇಳಲಿಲ್ಲ. ನಮ್ಮಲ್ಲಿ ಸಾವಿನ ಮಾತೆತ್ತಿ ಅದನ್ನು ಮನೆಗೆ ಕರೆದುಕೊಳ್ಳುವುದಿಲ್ಲ. ಟ್ರಕ್ಕಿನಲ್ಲಿ ಒಬ್ಬಳೇ ಕೂತು ಸ್ವಲ್ಪ ಅತ್ತಳು. ಆಮೇಲೆ ಫೋನು ಹಿಡಿದಳು. ನಮ್ಮ ಬುಡಕಟ್ಟಿನದೇ ನೆಲವಾದರೂ ಗೈಡಿಲ್ಲದೆ ಆ ಸೀಳುಕಣಿವೆಗಳಿಗೆ ಕಾಲಿಡುವಂತಿಲ್ಲ. ಹಾಗಾಗಿ ಊರಿನ ಟೂರಿನವರಿಗೆಲ್ಲ ಫೋನು ಹಚ್ಚಿ ತಲೆ ತಿಂದಳು. ಮುಕ್ಕಾಲಿ ಸ್ಟ್ಯಾಂಡು ಒಳಗೆ ಬಿಡ್ತೀರಾ? ಗುಂಪು ದೊಡ್ಡದಾ? ಬಿಸಿಲು ಯಾವ ಗೋಡೆಗೆ ಯಾವಾಗ ಬೀಳತ್ತೆ? ಅಮ್ಮ ಕೊಟ್ಟ ಒಂದೇ ಒಂದು ಸಲ ಅದು. ಹಾಳು ಮಾಡಿಕೊಂಡರೆ ಜನ್ಮವಿಡೀ ಕೊರಗಬೇಕು.

ಈಗ ನೋಡಿದರೆ ಅಮ್ಮನಿಗೆ ಬೆಳಕಿನ ಚಿಂತೆಯೇ ಇಲ್ಲ.

ಎರಡನೆಯದು ಕೆಳಗಿನ ಕಣಿವೆ. ಅಲ್ಲಿ ಗೈಡಾಗಿದ್ದ ಹುಡುಗಿ ಎತ್ತರದ ಮನೆಯ ಕುಲದವಳು. "ಒಳ್ಳೇ ಮನೆತನ," ಎಂದು ಬೆಸ್ಸಿ ತಲೆಯಾಡಿಸಿದಳು, ಆದರೆ ಟ್ರಕ್ಕಿನ ಬಾಗಿಲು ತೆಗೆಯಲಿಲ್ಲ. ಅಲ್ಲಿ ಇಳಿಯಲು ಕಬ್ಬಿಣದ ಏಣಿಗಳಿದ್ದವು; ಬೆಸ್ಸಿಯ ಸೊಂಟ ಒಪ್ಪುವ ಕೆಲಸವಲ್ಲ. ಹಾಗಾಗಿ ಡಾರ್ಲೀನ್ ವಾದ ಮಾಡಲಿಲ್ಲ.

"ಇನ್ನೊಂದಿದೆ. ಚಿಕ್ಕದು," ಎಂದಳು. "ಜನ ಇರಲ್ಲ, ಸ್ಟ್ಯಾಂಡೂ ಬಿಡ್ತಾರೆ. ಆದ್ರೆ ಅಲ್ಲಿ ಬಿಸಿಲು ಕೋಲು ಗೀಲು ಏನೂ ಬೀಳಲ್ಲ. ಗೋಡೆ ತಗ್ಗು. ಹೋಗೋಕೆ ನಂಗೇನೂ ಮನಸ್ಸಿಲ್ಲ. ಮೇಲಿನ ಕಣಿವೆಗೇ ವಾಪಸ್ ಹೋಗಿ ಆ ಹುಡುಗನ ಕಾಲು ಹಿಡಿಯೋಣ."

"ಮೊದಲು ಚಿಕ್ಕದನ್ನ ನೋಡೋಣ."

ತಗಡಿನ ಗೂಡಿನ ಮುಂದೆ ಒಬ್ಬ ತನ್ನ ಟ್ರಕ್ಕಿನ ಹಿಂಬದಿಯ ಹಲಗೆ ಇಳಿಸಿಕೊಂಡು ಕೂತು, ರೊಟ್ಟಿಯಲ್ಲಿ ಸುಟ್ಟ ಕುರಿಮಾಂಸ ಸುತ್ತಿಕೊಂಡು ತಿನ್ನುತ್ತಿದ್ದ. ಹೆಸರು ಡೆಲ್ವಿನ್ ಎಟ್ಸಿಟಿ. ಕಪ್ಪು ಕನ್ನಡಕ, ಮಾಸಿದ ಟೋಪಿ. ಬೆಸ್ಸಿ ಕಿಟಕಿ ಇಳಿಸುವಷ್ಟರಲ್ಲಿ ಅವನೇ ಎದ್ದು ಬಂದು, ಎಣ್ಣೆಗೈಯನ್ನು ಜೀನ್ಸಿಗೆ ಒರೆಸಿಕೊಂಡು, "ಯಾರ ಪೈಕಿ ಅಜ್ಜಿ ನೀವು?" ಎಂದ.

"ಕಹಿನೀರಿನವಳು. ಅಪ್ಪನ ಕಡೆ ನೀರಂಚಿನವರು. ನೀನು?"

"ಓಹೋ! ನಾನೇ ನೀರಂಚಿನವನು."

ಬೆಸ್ಸಿಯ ಕೈ ಬಾಗಿಲ ಹಿಡಿಯ ಮೇಲೆ ಹೋಯಿತು. "ಹಾಗಾದ್ರೆ ನೀವು ನಂಗೆ ಚಿಕ್ಕಪ್ಪ ಆಗ್ಬೇಕು," ಎಂದಳು, ಏಕ್‌ದಂ ಬಹುವಚನದಲ್ಲಿ. ಡಾರ್ಲೀನ್ ಬಾಯಿ ತೆರೆಯುವ ಮೊದಲೇ ಟ್ರಕ್ಕಿನಿಂದ ಇಳಿದಾಗಿತ್ತು. "ಎಲ್ಲಿ ಹೋಗಿದ್ರಿ ಇಷ್ಟು ದಿನ? ಈ ಸುತ್ತಿನಲ್ಲಿ ನಮ್ಮಪ್ಪನ ಕಡೆಯವರು ಒಬ್ಬರೂ ಉಳಿದಿಲ್ಲ ಅಂದ್ಕೊಂಡಿದ್ದೆ."

"ನಮ್ಮಮ್ಮ ಶಿಪ್ರಾಕ್ ಕಡೆಯವಳು. ಹೆಂಡತಿ ಇಲ್ಲಿಯವಳು, ಎಳ್ಕೊಂಡು ಬಂದ್ಲು," ಎಂದು ಡೆಲ್ವಿನ್ ನಕ್ಕ. ಆಮೇಲೆ ಡಾರ್ಲೀನ್ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ಇವರು ನಿಮ್ಮ ಮಗಳಾ? ಹಾಗಿದ್ರೆ ಇವರಿಗೆ ನಾನು ಅಜ್ಜ. ಏನಮ್ಮಾ ಮೊಮ್ಮಗಳೇ, ಓದ್ಕೊಂಡು ಜಾಣೆ ಆಗಿದ್ದೀಯಾ?"

ಡಾರ್ಲೀನ್‌ಗೆ ಐವತ್ತು ದಾಟಿತ್ತು. ಇಂಥ ತಮಾಷೆಗೆ ಸೋತರೆ ನಮ್ಮಲ್ಲಿ ಮರ್ಯಾದೆಯಿಲ್ಲ. "ಆಗಿದ್ದೀನಿ ಅಜ್ಜಾ. ನಿಮ್ಮ ಮಂಡಿ ನೋವು ಹೇಗಿದೆ? ಹಲ್ಲು ಹಾಕ್ಕೊಂಡೇ ಊಟ ಮಾಡ್ತಿದ್ದೀರಾ?" ಎಂದಳು. ಬೆಸ್ಸಿ ಕೈ ತಟ್ಟಿ ನಕ್ಕಳು. ಹಾಗೆ, ವಾರಗಟ್ಟಲೆ ಮಾಡಿದ ವಿಚಾರಣೆಯೆಲ್ಲ ಮಣ್ಣುಪಾಲಾಗಿ, ಕಣಿವೆ ಆರಿಸಿದ್ದಾಯಿತು.

ಡೆಲ್ವಿನ್‌ನ ಟ್ರಕ್ಕು ಒಣಹಳ್ಳದ ಮರಳಿನಲ್ಲಿ ಕುಲುಕುತ್ತ ಹೋಯಿತು. ಬೆಸ್ಸಿ ಮುಂದೆ ಚಿಕ್ಕಪ್ಪನ ಪಕ್ಕ ಕೂತಳು. ನೇರಳೆ ಬಣ್ಣದ ಮಖಮಲ್ಲಿನ ರವಿಕೆ, ಅವಳಮ್ಮನ ಕಾಲದ ಹಸಿರುಕಲ್ಲಿನ ಸರ. ಬೆಳಿಗ್ಗೆ ಮಗಳ ಕೈಯಲ್ಲೇ ತುರುಬು ಕಟ್ಟಿಸಿಕೊಂಡಿದ್ದಳು. ಡೆಲ್ವಿನ್ ಕಣಿವೆಯ ಬಾಯಲ್ಲಿ ಟೋಪಿ ತೆಗೆದು, ಒಳಗೆ ಹೋಗಲು ಅಪ್ಪಣೆ ಬೇಡುವವನಂತೆ ತಲೆಬಾಗಿ ನಿಂತ. ಅವರಿಬ್ಬರೂ ನಿಂತರು. ಅವನು ಮತ್ತೆ ಟೋಪಿ ಹಾಕಿಕೊಂಡ ಮೇಲೆ ಒಳಗೆ ಹೋದರು.

ಕೋಲು ಬಿಸಿಲು ಇರಲಿಲ್ಲ, ನಿಜ. ಆದರೆ ಮೇಲಿನ ಸೀಳಿನಿಂದ ಇಳಿದ ಬೆಳಕು ಒಂದು ಗೋಡೆಗೆ ತಾಗಿ, ಅಲ್ಲಿಂದ ಎದುರು ಗೋಡೆಗೆ ಬಿದ್ದು, ಕಲ್ಲೆಲ್ಲ ಒಳಗಿನಿಂದ ಕೆಂಡ ಹಚ್ಚಿದ ಹಾಗೆ ಬೆಳಗಿತ್ತು. ಡಾರ್ಲೀನ್ ಆಗಲೇ ಸ್ಟ್ಯಾಂಡಿನ ಕಾಲು ಬಿಡಿಸತೊಡಗಿದಳು.

"ಬೇಗ ಬೇಗ," ಎಂದ ಡೆಲ್ವಿನ್. "ಈ ಬಣ್ಣ ಜಾಸ್ತಿ ಹೊತ್ತು ನಿಲ್ಲಲ್ಲ. ಆ ಕಟ್ಟೆ ಮೇಲೆ ಕೂತ್ಕೊಳ್ಳಿ, ಮಗಳೇ."

ಡಾರ್ಲೀನ್ ಸ್ಟ್ಯಾಂಡು ನಿಲ್ಲಿಸಿ, ಅಮ್ಮನ ಸರ ಸರಿಪಡಿಸಿ, ಬಂದು ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಬೆಸ್ಸಿ ಮಡಿಲಲ್ಲಿ ಕೈಯಿಟ್ಟು ನೇರ ಕೂತಿದ್ದಳು. ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಮುಖ ಗೋಡೆಯ ಕಡೆ ತಿರುಗಿತು. ಮತ್ತೊಮ್ಮೆ. ಮತ್ತೆ ಅದೇ. ತೆಗೆದದ್ದರಲ್ಲೆಲ್ಲ ತುರುಬು.

"ಅಮ್ಮಾ! ಒಂದನೇ ಕ್ಲಾಸಿನ ಮಕ್ಕಳು ನಿನಗಿಂತ ವಾಸಿ. ನೀನೇ ಹೇಳಿದ್ದಲ್ವಾ ಕೂರ್ತೀನಿ ಅಂತ? ಬೆಳಕು ಹೋಗ್ತಿದೆ ನೋಡು!" ಸಿಟ್ಟು ಅಂದುಕೊಂಡದ್ದು ಅಳುವಾಗಿ ಬಂತು. "ಆ ಪೋಸ್ಟ್‌ಕಾರ್ಡಿನವನ ಮೇಲಿನ ಕೋಪ ನನ್ನ ಮೇಲೆ ಯಾಕೆ ತೀರಿಸ್ತೀಯಾ?"

"ಪೋಸ್ಟ್‌ಕಾರ್ಡಾ?" ಬೆಸ್ಸಿ ನಿಜವಾಗಿಯೂ ಬೆರಗಾದಳು. "ಅಯ್ಯೋ, ಅವನ ಮೇಲೆ ನಂಗೆಂಥ ಕೋಪ? ಒಳ್ಳೆಯವನು ಪಾಪ. ಒಂದು ಕಿತ್ತಳೆಹಣ್ಣು ಕೊಟ್ಟ. ನಾನು ಅದುವರೆಗೂ ಕಿತ್ತಳೆ ನೋಡೇ ಇರ್ಲಿಲ್ಲ."

ಅವಳು ಮರಳನ್ನು ಕಾಲ ತುದಿಯಿಂದ ಸರಿಸಿದಳು.

"ಅವನು ಇಲ್ಲಿ ನೋಡು, ಅಲ್ಲಿ ನೋಡು ಅಂತಿದ್ದ, ನಾನು ನಿಂತಿದ್ದೆ. ಅಷ್ಟ್ರಲ್ಲಿ ಮರಿಗಳೆಲ್ಲ ನೆರಳು ಹುಡುಕ್ಕೊಂಡು ಸೀಳಿನೊಳಗೆ ಹೋಗಿಬಿಟ್ವು. ಇಲ್ಲಿ ಮೋಡ ಇಲ್ಲ, ಮಳೆ ಇಲ್ಲ. ಎಲ್ಲೋ ದೂರದಲ್ಲಿ ಸುರಿದ ಮಳೆಯ ನೀರು ಸೀಳಿನೊಳಗೆ ನುಗ್ಗಿ ಬಂತು. ನನ್ನ ಕೈಯಲ್ಲಿದ್ದ ಮರಿ ಒಂದು ಉಳೀತು. ಅಪ್ಪ ಬಂದ. ಹೊಡೀಲಿಲ್ಲ. ಕಿತ್ತಳೆ ಕಿತ್ಕೊಂಡು ಹಳ್ಳಕ್ಕೆ ಎಸೆದ, ಸಿಪ್ಪೆ ಕೂಡ ಬಿಡಿಸಿರ್ಲಿಲ್ಲ ನಾನು. ಇನ್ಮೇಲೆ ಆ ಡಬ್ಬಿಗೆ ಮುಖ ಕೊಡ್ಬೇಡ, ನಾನು ಹೇಳೋವರೆಗೂ ಕೊಡ್ಬೇಡ ಅಂದ."

"ಆಮೇಲೆ?"

"ಆಮೇಲೇನು? ಹೇಳೋಕೆ ಅವನು ಮರೆತ. ಕೇಳೋಕೆ ನಾನು ಹೆದರಿದೆ. ಹಂಗೇ ಉಳೀತು."

ಡಾರ್ಲೀನ್ ಕ್ಯಾಮೆರಾದಿಂದ ಕಣ್ಣು ತೆಗೆದಳು. ಬೆಸ್ಸಿ ಅವಳ ಕಡೆ ನೋಡುತ್ತಲೇ ಇರಲಿಲ್ಲ. ಡೆಲ್ವಿನ್‌ನನ್ನು ನೋಡುತ್ತಿದ್ದಳು, ಅಂಗಡಿ ಮುಂದೆ ನಿಂತ ಮಗುವಿನ ಹಾಗೆ, ಬಾಯಿಬಿಟ್ಟು ಕೇಳದೆ. ಬೆಳಿಗ್ಗೆಯಿಂದ ಪ್ರತಿ ಗೂಡಿನ ಮುಂದೆಯೂ ಅಮ್ಮ ಕಿಟಕಿ ಇಳಿಸಿ ಹುಡುಕಿದ್ದು ಅಪ್ಪನ ಜಾಗದಲ್ಲಿ ನಿಂತು ಹೇಳಬಲ್ಲವನನ್ನು ಎಂದು ಡಾರ್ಲೀನ್‌ಗೆ ಆಗ ಹೊಳೆಯಿತು.

ಡೆಲ್ವಿನ್‌ಗೂ ನಿಧಾನವಾಗಿ ಅರ್ಥವಾಯಿತು. ಅವನ ನಗೆ ಹೋಯಿತು. "ಅಜ್ಜೀ, ನಾನು... ನಂಗಿನ್ನೂ ಮೂವತ್ತೂ ಆಗಿಲ್ಲ."

"ನಾನು ವಯಸ್ಸು ಕೇಳಿದ್ನಾ? ಕುಲ ಕೇಳ್ದೆ."

ಅವನು ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟ. ಟೋಪಿಯನ್ನೂ ತೆಗೆದ. ಎಲ್ಲಿ ನಿಲ್ಲಬೇಕೆಂದು ತಿಳಿಯದವನಂತೆ ಒಂದು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಬೆಸ್ಸಿಯ ಎದುರು ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಮಗಳೇ," ಎಂದ. ಈ ಸಲ ತಮಾಷೆಯಿರಲಿಲ್ಲ. "ಮರಿಗಳು ಹೋಗಿದ್ದು ನಿನ್ನಿಂದಲ್ಲ. ಆ ನೀರು ದೊಡ್ಡವರನ್ನೂ ಕೇಳಿ ಬರಲ್ಲ. ನಿಂಗೆ ಯಾವತ್ತೋ ಹೇಳ್ಬೇಕಿತ್ತು. ನಾವು ನೀರಂಚಿನವರು ಮರೆತುಬಿಟ್ವಿ. ಈಗ ಹೇಳ್ತಿದ್ದೀನಿ. ಮುಖ ಕೊಡು. ನಿನ್ನ ಮಗಳೇ ತಾನೆ ತೆಗೀತಿರೋದು?"

ಬೆಸ್ಸಿ ತಲೆ ತಗ್ಗಿಸಿ ಕೇಳಿದಳು. ಗೋಡೆಯ ಕೆಂಪು ಅಷ್ಟರಲ್ಲಿ ಜಾರಿ ಹೋಗಿ ಬಂಡೆ ಬರಿಯ ಬಂಡೆಯಾಗಿತ್ತು. "ಆಯ್ತಪ್ಪಾ," ಎಂದು ಅವಳು ಮುಖವೆತ್ತಿದಳು.

ಡಾರ್ಲೀನ್ ಗುಂಡಿ ಒತ್ತಿದಳು. ಬೆಳಕು ಎಷ್ಟಿದೆ, ಚೌಕಟ್ಟು ನೆಟ್ಟಗಿದೆಯೇ, ಏನನ್ನೂ ನೋಡಲಿಲ್ಲ. ಕಣ್ಣು ಮಂಜಾಗಿ ಕಾಣುತ್ತಲೂ ಇರಲಿಲ್ಲ. ಅಮ್ಮನ ಎರಡು ಕಣ್ಣೂ ತನ್ನನ್ನೇ ನೋಡುತ್ತಿವೆ ಎಂಬುದಷ್ಟೇ ಗೊತ್ತಿತ್ತು.

ವಾಪಸ್ ಬರುವಾಗ ಡಾಂಬರು ರಸ್ತೆ ಕಂಡ ಕೂಡಲೆ ಬೆಸ್ಸಿ ಪಕ್ಕಕ್ಕೆ ತಿರುಗಿದಳು.

"ಚಿಕ್ಕಪ್ಪಾ."

"ಏನ್ ಮಗಳೇ?"

"ಕಿತ್ತಳೆಹಣ್ಣು ಕೊಡ್ಸು."

"ಅಮ್ಮಾ!" ಎಂದಳು ಹಿಂದಿನ ಸೀಟಿನಿಂದ ಡಾರ್ಲೀನ್. "ನಾನು ತಂದ್ಕೊಡ್ತೀನಿ ಬಿಡು."

"ನಿನ್ನನ್ನ ಯಾರು ಕೇಳಿದ್ರು? ನಮ್ಮಪ್ಪನ್ನ ಕೇಳ್ತಿದ್ದೀನಿ."

ಡೆಲ್ವಿನ್ ಪೆಟ್ರೋಲ್ ಬಂಕಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋದ. ಒಂದು ಹಣ್ಣು ಹಿಡಿದು ಬಂದ. ಟ್ರಕ್ಕಿನ ಹಿಂಬದಿಯ ಹಲಗೆ ಇಳಿಸಿ ಬೆಸ್ಸಿಯನ್ನು ಕೈಹಿಡಿದು ಕೂರಿಸಿದ. ಹೆಬ್ಬೆರಳಿನಿಂದ ಸಿಪ್ಪೆಯನ್ನು ತುಂಡಾಗದಂತೆ ಸುಲಿದು ತೊಳೆಗಳನ್ನು ಅವಳ ಅಂಗೈಗೆ ಹಾಕಿದ.

ಅವಳು ಯಾರಿಗೂ ಬೇಕೇ ಎಂದು ಕೇಳಲಿಲ್ಲ. ನೆಲ ಮುಟ್ಟದ ಕಾಲುಗಳನ್ನು ಆಡಿಸುತ್ತ, ಒಂದೊಂದೇ ತೊಳೆ ಬಾಯಿಗಿಟ್ಟುಕೊಂಡಳು. ರಸ ಗದ್ದಕ್ಕಿಳಿದು ಹಸಿರುಕಲ್ಲಿನ ಸರದ ಮೇಲೆ ತೊಟ್ಟಿಕ್ಕಿತು. ಡಾರ್ಲೀನ್ ಕ್ಯಾಮೆರಾ ಎತ್ತಿದಳು. ಬೆಸ್ಸಿ ತುಂಬಿದ ಬಾಯಲ್ಲೇ ಅವಳ ಕಡೆ ನೋಡಿದಳು, ನೋಡುತ್ತಲೇ ಇನ್ನೊಂದು ತೊಳೆ ಬಿಡಿಸಿಕೊಂಡಳು.